ನಾನು ತೆರೆದರೆ ತೆರೆಯುತ್ತದೆ, ಬ್ಯಾಕಪ್‌ಗೆ ತೆರೆಯುವುದಿಲ್ಲ

ಜುಲೈ ತಿಂಗಳ ಒಂದು ಸೋಮವಾರ. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ಮಂಟಪ ಮುಳುಗಿದೆ ಅಂತ ಶಿವಮೊಗ್ಗದಲ್ಲಿ ಎಲ್ಲರ ಮೊಬೈಲ್‌ನಲ್ಲೂ ಫೋಟೊ ಓಡಾಡುತ್ತಿತ್ತು. ನಾನೂ ಅದನ್ನೇ ನೋಡುತ್ತಾ ಕೂತಿದ್ದೆ. ಅಷ್ಟರಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವ ಒಂದು ಅಡಿಕೆ ಮಂಡಿಯಿಂದ ಗುಮಾಸ್ತರ ಫೋನ್ ಬಂತು.

"ಸರ್, ರೈತರ ಮುಂಗಡದ ಎಕ್ಸೆಲ್ ಶೀಟ್ ಡಿಲೀಟ್ ಆಗ್ಬಿಟ್ಟಿದೆ. ಶನಿವಾರ ಯಾರೋ ಒತ್ತಿದಾರೆ ಕಾಣುತ್ತೆ. ಬ್ಯಾಕಪ್‌ನಿಂದ ತೆಗ್ದು ಕೊಡ್ತೀರಾ?"

"ಹತ್ತು ನಿಮಿಷ" ಅಂದೆ. ಆ ಹತ್ತು ನಿಮಿಷ ಮೂರು ದಿನ ಆಯಿತು.

ಮಂಡಿಯ ವ್ಯವಸ್ಥೆ ದೊಡ್ಡದೇನಲ್ಲ. ಒಂದು ವಿಂಡೋಸ್ ಸರ್ವರ್. ಅದರಲ್ಲಿ ಟ್ಯಾಲಿ, ತೂಕದ ಚೀಟಿಗಳು, ಮುಂಗಡದ ಲೆಕ್ಕ, ಎಲ್ಲ ಸೇರಿ ಸುಮಾರು 180 ಜಿಬಿ. ಅಟ್ಟದ ಮೇಲೆ ಒಂದು ನ್ಯಾಸ್. ಅಂದರೆ ಎರಡು ಹಾರ್ಡ್ ಡಿಸ್ಕ್ ಇರುವ ಚಿಕ್ಕ ಪೆಟ್ಟಿಗೆ, ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದರೆ ಎಲ್ಲ ಕಂಪ್ಯೂಟರ್‌ಗೂ ಸಿಗುತ್ತದೆ. ರಾತ್ರಿ ಹತ್ತೂವರೆಗೆ ಟಾಸ್ಕ್ ಶೆಡ್ಯೂಲರ್, ಅಂದರೆ ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡಿಸುವ ವಿಂಡೋಸ್‌ನ ಸೌಲಭ್ಯ, ಒಂದು ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿ) ಓಡಿಸುತ್ತದೆ. ಅದು ರೋಬೊಕಾಪಿ ಅನ್ನೋ ವಿಂಡೋಸ್‌ನ ನಕಲು ಕಮಾಂಡ್‌ನಿಂದ ಸರ್ವರ್‌ನ ಫೈಲ್‌ಗಳನ್ನು ನ್ಯಾಸ್‌ಗೆ ನಕಲು ಮಾಡುತ್ತದೆ. ನಾನೇ ಬರೆದದ್ದು.

ಮನೆಯಿಂದಲೇ ಸರ್ವರ್‌ಗೆ ಲಾಗಿನ್ ಆಗಿ ಟಾಸ್ಕ್ ನೋಡಿದೆ. ಸ್ಥಿತಿ: "ಓಡುತ್ತಿದೆ". ಬೆಳಗ್ಗೆ ಹನ್ನೊಂದು ಗಂಟೆಗೆ ಯಾಕೆ ಓಡುತ್ತಿದೆ? ಶುರುವಾದ ದಿನಾಂಕ ನೋಡಿದೆ. 19 ದಿನದ ಹಿಂದಿನದು.

ಇಲ್ಲಿ ರೋಬೊಕಾಪಿಯ ಒಂದು ಸ್ವಭಾವ ಹೇಳಲೇಬೇಕು. ನಾವು ಏನೂ ಹೇಳದಿದ್ದರೆ, ನಕಲು ಆಗದ ಫೈಲ್ ಅನ್ನು ಅದು 10 ಲಕ್ಷ ಸಲ ಮತ್ತೆ ಪ್ರಯತ್ನಿಸುತ್ತದೆ. ಪ್ರತಿ ಸಲದ ನಡುವೆ 30 ಸೆಕೆಂಡ್ ಕಾಯುತ್ತದೆ. ಲೆಕ್ಕ ಹಾಕಿ: 347 ದಿನ. ಅಷ್ಟೂ ದಿನ ಅದು "ಓಡುತ್ತಿದೆ", ಸೋತಿಲ್ಲ. ಹಳೆಯದು ಮುಗಿಯದೆ ಹೊಸದನ್ನು ಶುರು ಮಾಡಬಾರದು ಅನ್ನೋದು ಟಾಸ್ಕ್ ಶೆಡ್ಯೂಲರ್‌ನ ಮಾಮೂಲಿ ನಿಯಮ. ಮೂರು ದಿನ ದಾಟಿದರೆ ನಿಲ್ಲಿಸು ಅನ್ನೋ ಒಂದು ಟಿಕ್ ಅಲ್ಲಿ ಮೊದಲೇ ಇರುತ್ತದೆ. ಅದನ್ನು ಯಾವ ಪುಣ್ಯಾತ್ಮ ತೆಗೆದಿದ್ದ ಅಂದರೆ, ನಾನೇ.

ಕೊಡೆ ಹಿಡಿದು ಮಂಡಿಗೆ ಹೋದೆ. ಸಾಹುಕಾರರು ಗದ್ದಿಗೆ ಮೇಲೆ ಕೂತಿದ್ದರು. "ಎಂತ ಮಾರಾಯ್ರೆ, ಫೈಲ್ ಸಿಕ್ತಾ?" ಅಂದರು. ನೋಡ್ತಿದೀನಿ ಅಂದು ಅಟ್ಟ ಹತ್ತಿದೆ.

ಮೊದಲು ಪಿಂಗ್ ಮಾಡಿದೆ. ಸ್ಕ್ರಿಪ್ಟ್‌ನಲ್ಲಿದ್ದ ನ್ಯಾಸ್‌ನ ವಿಳಾಸ 192.168.1.50. ಉತ್ತರ ಬಂತು, ಒಂದು ಮಿಲಿಸೆಕೆಂಡ್‌ನಲ್ಲಿ. ಹಾಗಾದರೆ ನೆಟ್‌ವರ್ಕ್ ಸರಿ ಇದೆ ಅಂದುಕೊಂಡೆ. ಅರ್ಧ ದಿನ ಹಾಳಾಗಿದ್ದು ಇದರಿಂದಲೇ. ಆ ವಿಳಾಸದಲ್ಲಿ ಯಾರೋ ಇದ್ದಾರೆ ಅಂತಷ್ಟೇ ಪಿಂಗ್ ಹೇಳುತ್ತದೆ. ಯಾರು ಅಂತ ಹೇಳುವುದಿಲ್ಲ. ವಿಂಡೋಸ್ ಫೈಲ್ ಹಂಚಿಕೆ ನಡೆಯುವುದು 445ನೇ ಪೋರ್ಟ್‌ನಲ್ಲಿ, ಅಂದರೆ ಯಂತ್ರದ ಆ ನಂಬರಿನ ಬಾಗಿಲಲ್ಲಿ. ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡ್‌ನಿಂದ ಆ ಪೋರ್ಟ್ ತಟ್ಟಿದೆ. ಮುಚ್ಚಿತ್ತು.

ಆಮೇಲೆ ಎಆರ್‌ಪಿ ಪಟ್ಟಿ ತೆಗೆದೆ. ಯಾವ ವಿಳಾಸದ ಹಿಂದೆ ಯಾವ ಯಂತ್ರ ಇದೆ ಅನ್ನೋದು ಅಲ್ಲಿ ಮ್ಯಾಕ್ ನಂಬರ್ (ಯಂತ್ರಕ್ಕೆ ಕಂಪನಿ ಕೊಟ್ಟ ನೆಟ್‌ವರ್ಕ್ ಗುರುತು) ಸಮೇತ ಕಾಣುತ್ತದೆ. ನ್ಯಾಸ್‌ನ ತಳಕ್ಕೆ ಅಂಟಿಸಿದ ಸ್ಟಿಕ್ಕರ್‌ನಲ್ಲೂ ಅದರ ಮ್ಯಾಕ್ ನಂಬರ್ ಇರುತ್ತದೆ. ಪೆಟ್ಟಿಗೆ ಎತ್ತಿ, ಮೇಲೆ ಕೂತಿದ್ದ ಗೋಣಿಚೀಲದ ಧೂಳು ಒರೆಸಿ, ಮೊಬೈಲ್ ಟಾರ್ಚ್ ಬಿಟ್ಟು ಓದಿದೆ. ಎರಡೂ ಬೇರೆ ಬೇರೆ. ಹಾಗಾದರೆ 50ರಲ್ಲಿ ಇರೋದು ಯಾರು? ಬ್ರೌಸರ್‌ನಲ್ಲಿ ಆ ವಿಳಾಸ ಹೊಡೆದೆ. ಬಾಗಿಲ ಪಕ್ಕದ ಗೋಡೆಗೆ ಹಾಕಿದ್ದ ಬೆರಳು ಒತ್ತುವ ಹಾಜರಿ ಮಿಷಿನ್‌ನ ಲಾಗಿನ್ ಪುಟ ಬಂತು!

ಆಗಿದ್ದು ಇಷ್ಟು. 19 ದಿನದ ಹಿಂದೆ ಗುಡುಗು ಸಿಡಿಲಿಗೆ ಅರ್ಧ ದಿನ ಕರೆಂಟ್ ಇರಲಿಲ್ಲ. ಯುಪಿಎಸ್ ಕೂಡ ಬರಿದಾಗಿ ಎಲ್ಲವೂ ಆಫ್ ಆಗಿದ್ದವು. ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಅನ್ನೋದನ್ನು ಆ ಸಣ್ಣ ರೌಟರ್ ನೆನಪಿಟ್ಟುಕೊಳ್ಳುವುದಿಲ್ಲ. ಕರೆಂಟ್ ಬಂದಾಗ ಮೊದಲು ಕೇಳಿದವರಿಗೆ ಮೊದಲ ವಿಳಾಸ. ನ್ಯಾಸ್ ಎದ್ದು ಕೂರಲು ಮೂರ್ನಾಲ್ಕು ನಿಮಿಷ ಬೇಕು. ಹಾಜರಿ ಮಿಷಿನ್ ಕ್ಷಣದಲ್ಲಿ ಏಳುತ್ತದೆ. ನ್ಯಾಸ್‌ನ ಸೀಟಲ್ಲಿ ಅದು ಹೋಗಿ ಕೂತಿತು. ನ್ಯಾಸ್ ಪಾಪ 57ಕ್ಕೆ ಹೋಗಿತ್ತು. ವಿಳಾಸ ಕಾಯಂ ಮಾಡದೆ ಬಿಟ್ಟಿದ್ದು ನನ್ನ ಸೋಮಾರಿತನ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ ಅನ್ನೋದು ಮಲೆನಾಡಿನಲ್ಲಿ ಹುಟ್ಟಿದವನಿಗೆ ಹೊಸ ಸುದ್ದಿಯೇನಲ್ಲ ಅಲ್ವಾ.

ರೌಟರ್ ಹಂಚುವ ವಿಳಾಸಗಳು 50ರಿಂದ ಮೇಲೆ. ಹಾಗಾಗಿ ನ್ಯಾಸ್‌ಗೆ ಅದರಾಚೆಯ 20 ಅನ್ನು ಕಾಯಂ ಮಾಡಿದೆ. ನ್ಯಾಸ್‌ನ ಗಡಿಯಾರ 1970ನೇ ಇಸವಿಯಲ್ಲಿತ್ತು. ಒಳಗಿನ ಬಟನ್ ಸೆಲ್ ಸತ್ತಿದೆ ಅಂತ ಅರ್ಥ. ಅದನ್ನೂ ಬದಲಾಯಿಸಿದೆ. ದಿನಾಂಕ ತಪ್ಪಿದರೆ ಅದರ ಲಾಗ್ (ಏನೇನಾಯಿತು ಅನ್ನೋ ದಾಖಲೆ) ಓದಿ ಪ್ರಯೋಜನ ಇಲ್ಲ.

ಆಮೇಲೆ ಸರ್ವರ್‌ನಲ್ಲಿ ಕೂತು ಹೊಸ ವಿಳಾಸ ತೆರೆದೆ. ಹೆಸರು, ಪಾಸ್‌ವರ್ಡ್ ಕೇಳಿತು. ಕೊಟ್ಟೆ, ನೆನಪಿಟ್ಟುಕೋ ಅಂತ ಟಿಕ್ ಮಾಡಿದೆ. ಫೋಲ್ಡರ್ ತೆರೆಯಿತು. ಸ್ಕ್ರಿಪ್ಟ್‌ನಲ್ಲಿ ವಿಳಾಸ ಬದಲಿಸಿ, ಹಳೆಯ ನಕಲು ಮುಟ್ಟದೆ ಹೊಸ ಫೋಲ್ಡರ್ ಕೊಟ್ಟು ಡಬಲ್ ಕ್ಲಿಕ್ ಮಾಡಿದೆ. ಫೈಲ್‌ಗಳು ಸಾಲಾಗಿ ಹೋಗತೊಡಗಿದವು. ಒಂದು ನಿಮಿಷ ನೋಡಿ ನಿಲ್ಲಿಸಿದೆ. ಹಳೆಯ ಟಾಸ್ಕ್ ಅಳಿಸಿ ಹೊಸದು ಮಾಡಿದೆ. ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ.

ಬೆಳಗ್ಗೆ ಲಾಗ್‌ನಲ್ಲಿ ಒಂದೇ ಸಾಲು. ಎರರ್ 5, ಅನುಮತಿ ಇಲ್ಲ.

ಮತ್ತೆ ಫೋಲ್ಡರ್ ತೆರೆದೆ. ತೆರೆಯಿತು. ಸ್ಕ್ರಿಪ್ಟ್ ಕೈಯಾರೆ ಓಡಿಸಿದೆ. ಓಡಿತು. ಟಾಸ್ಕ್‌ನಿಂದ ಓಡಿಸಿದೆ. ಎರರ್ 5. ಅದೇ ಸರ್ವರ್, ಅದೇ ಸ್ಕ್ರಿಪ್ಟ್, ಅದೇ ಫೋಲ್ಡರ್. ಎಂಥವರಿಗೂ ತಲೆ ಕೆಡುತ್ತದೆ.

ಇಂಥ ಹೊತ್ತಲ್ಲಿ ಕೈಗೆ ಸಿಕ್ಕಿದ್ದೆಲ್ಲ ಮಾಡಿ ನೋಡುವ ಚಟ ನನಗೆ. ನ್ಯಾಸ್ ಫೋಲ್ಡರ್ ಅನ್ನು ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿ ಸ್ಕ್ರಿಪ್ಟ್‌ನಲ್ಲಿ ಅದನ್ನೇ ಬರೆದೆ. ಈಗ ಅಂಥ ಜಾಗವೇ ಇಲ್ಲ ಅಂದಿತು. ಅದು ನ್ಯಾಯವೇ. ಮ್ಯಾಪ್ ಮಾಡಿದ ಡ್ರೈವ್ ಅದನ್ನು ಮಾಡಿದ ಲಾಗಿನ್‌ಗೆ ಮಾತ್ರ ಸೇರಿದ್ದು, ಹಿನ್ನೆಲೆಯಲ್ಲಿ ಓಡುವ ಟಾಸ್ಕ್‌ಗೆ ಕಾಣುವುದಿಲ್ಲ. ನೆಟ್ ಯೂಸ್ ಕಮಾಂಡ್‌ನಲ್ಲಿ ನ್ಯಾಸ್‌ನ ಬೇರೊಂದು ಖಾತೆಯ ಹೆಸರು ಕೊಟ್ಟು ನೋಡಿದೆ. ಎರರ್ 1219 ಬಂತು. ಒಂದೇ ಸರ್ವರ್‌ಗೆ ಒಂದೇ ಲಾಗಿನ್‌ನಿಂದ ಎರಡು ಹೆಸರಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಮೊದಲಿನ ಸಂಪರ್ಕ ಕಡಿದು ಮತ್ತೆ ಪ್ರಯತ್ನಿಸಬೇಕು.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಅರ್ಧ ಜನ ಎಸ್‌ಎಂಬಿ 1 ಆನ್ ಮಾಡಿ ಅಂತಾರೆ. ಎಸ್‌ಎಂಬಿ ಅಂದರೆ ವಿಂಡೋಸ್ ಫೈಲ್ ಹಂಚಿಕೊಳ್ಳುವ ಭಾಷೆ, 1 ಅದರ ಹಳೆಯ ಆವೃತ್ತಿ. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಹರಡಿದ್ದು ಅದೇ ಹಳೆಯ ಎಸ್‌ಎಂಬಿ 1ರ ತೂತಿನಿಂದ. ಹೊಸ ವಿಂಡೋಸ್ ಸರ್ವರ್‌ಗಳಲ್ಲಿ ಅದು ಮೊದಲಿಂದ ಇರುವುದೇ ಇಲ್ಲ. ಸಾಗರದ ಒಂದು ಕಚೇರಿಯಲ್ಲಿ ಎಸ್‌ಎಂಬಿ 1 ಬಿಟ್ಟು ಬೇರೆ ಭಾಷೆ ಬಾರದ ಹಳೆಯ ನ್ಯಾಸ್ ಇತ್ತು. ಅದನ್ನು ತೆಗೆಸಿ ಹೊಸದು ಹಾಕಿಸಿದೆ, ಬೇರೆ ದಾರಿ ಇರಲಿಲ್ಲ. ಇಲ್ಲಿ ಆ ಸಮಸ್ಯೆ ಅಲ್ಲ. ಗೆಟ್-ಎಸ್‌ಎಂಬಿಕನೆಕ್ಷನ್ ಕೊಟ್ಟರೆ ಯಾವ ಆವೃತ್ತಿಯಲ್ಲಿ ಮಾತಾಡುತ್ತಿದೆ ಅಂತ ತೋರಿಸುತ್ತದೆ. 3 ಅಂತಲೇ ತೋರಿಸಿತು.

ಗುಮಾಸ್ತರು ಟೀ ತಂದಿಟ್ಟರು. "ಏನ್ಸಾರ್, ನೀವು ಮುಟ್ಟಿದ್ರೆ ತೆರೆಯುತ್ತೆ, ಅದು ತಾನೇ ಮಾಡ್ಕೊಂಡ್ರೆ ಇಲ್ವಾ?" ಅಂದರು. ನಾನು ಕೇಳಬೇಕಿದ್ದ ಪ್ರಶ್ನೆ ಅದೇ. ನಾನು ಹೋಗುವುದು ನನ್ನ ಹೆಸರಲ್ಲಿ. ರಾತ್ರಿ ಹತ್ತೂವರೆಗೆ ಹೋಗುವುದು ಯಾರು?

ಸ್ಕ್ರಿಪ್ಟ್‌ನ ಮೊದಲ ಸಾಲಿಗೆ ಹೂ-ಆ್ಯಮ್-ಐ ಕಮಾಂಡ್ ಸೇರಿಸಿದೆ. ನಾನು ಯಾರು ಅಂತ ಕೇಳುವ ಕಮಾಂಡ್. ಕೇಳಲು ವೇದಾಂತ, ಕೆಲಸ ಮಾತ್ರ ಶುದ್ಧ ಲೌಕಿಕ. ಟಾಸ್ಕ್ ಓಡಿಸಿದಾಗ ಲಾಗ್‌ನಲ್ಲಿ ನನ್ನದೇ ಹೆಸರು ಬಂತು. ಮತ್ತಷ್ಟು ಗೊಂದಲ. ನನ್ನ ಹೆಸರಲ್ಲೇ ಹೋಗಿ ಅನುಮತಿ ಇಲ್ಲ ಅಂದರೆ?

ಟಾಸ್ಕ್‌ನ ಮೊದಲ ಪುಟವನ್ನು ನಿಧಾನವಾಗಿ ಓದಿದೆ. ಯಾರೂ ಲಾಗಿನ್ ಆಗದಿದ್ದರೂ ಓಡು ಅನ್ನೋದನ್ನು ಆರಿಸಿದ್ದೆ. ಅದು ಸರಿ. ಅದರ ಕೆಳಗೆ ಪಾಸ್‌ವರ್ಡ್ ಉಳಿಸಬೇಡ ಅನ್ನೋ ಚೌಕ. ಅದಕ್ಕೂ ಟಿಕ್ ಹಾಕಿದ್ದೆ. ಹಿಂದಿನ ದಿನ ಮನೆಗೆ ಹೊರಡುವ ಅವಸರ, ಪಾಸ್‌ವರ್ಡ್ ಹೊಡೆಯುವ ಬೇಸರ. ಈ ಟಾಸ್ಕ್‌ಗೆ ಇದೇ ಕಂಪ್ಯೂಟರ್‌ನ ಒಳಗಿನದು ಮಾತ್ರ ಸಿಗುತ್ತದೆ ಅಂತ ಅದರ ಪಕ್ಕದಲ್ಲೇ ಬರೆದಿದೆ. ಎಷ್ಟೋ ವರ್ಷದಿಂದ ನೋಡಿದ್ದೇನೆ, ಓದಿರಲಿಲ್ಲ. ಆ ಟಿಕ್ ಇದ್ದರೆ ಟಾಸ್ಕ್‌ಗೆ ನಮ್ಮ ಹೆಸರು ಸಿಗುತ್ತದೆ, ಕೀಲಿಕೈ ಸಿಗುವುದಿಲ್ಲ. ನಾವು ನೆನಪಿಟ್ಟುಕೋ ಅಂದ ಪಾಸ್‌ವರ್ಡ್‌ಗಳನ್ನೂ ಅದು ಬಳಸಲಾರದು. ನ್ಯಾಸ್‌ನ ಬಾಗಿಲಿಗೆ ಬರಿಗೈಲಿ ಹೋಗಿ ನಿಂತಿರುತ್ತದೆ.

ಟಿಕ್ ತೆಗೆದರೆ ಅಲ್ಲಿಗೆ ಕೆಲಸ ಆಗುತ್ತಿತ್ತು. ಆದರೆ ನನ್ನ ಅಡ್ಮಿನ್ ಹೆಸರಲ್ಲಿ ಬ್ಯಾಕಪ್ ಓಡುವುದೇ ನನಗೆ ಆಗ ಸರಿ ಕಾಣಲಿಲ್ಲ. ನಾನು ಪಾಸ್‌ವರ್ಡ್ ಬದಲಿಸಿದ ದಿನ ಮತ್ತೆ ನಿಲ್ಲುತ್ತದೆ. ಅದಲ್ಲದೆ, ಸರ್ವರ್‌ಗೆ ರಾನ್ಸಮ್‌ವೇರ್ ಹೊಕ್ಕರೆ ನನ್ನ ಲಾಗಿನ್‌ನಿಂದಲೇ ನ್ಯಾಸ್‌ಗೂ ಹೋಗುತ್ತದೆ. ಹಾಗಾಗಿ ಬ್ಯಾಕಪ್‌ಗೇ ಒಂದು ಪ್ರತ್ಯೇಕ ಖಾತೆ ಮಾಡಿದೆ. ಸರ್ವರ್‌ನಲ್ಲೂ ನ್ಯಾಸ್‌ನಲ್ಲೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಡೊಮೈನ್ (ಎಲ್ಲ ಖಾತೆಗಳನ್ನು ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಸಣ್ಣ ಕಚೇರಿಯಲ್ಲಿ ಹೀಗೆ ಮಾಡಿದರೆ ವಿಂಡೋಸ್ ತಾನಾಗಿ ಅದೇ ಹೆಸರು, ಪಾಸ್‌ವರ್ಡ್‌ನಲ್ಲಿ ಒಳಗೆ ಹೋಗುತ್ತದೆ. ಸರ್ವರ್‌ನಲ್ಲಿ ಆ ಖಾತೆಯನ್ನು ಬ್ಯಾಕಪ್ ಆಪರೇಟರ್ಸ್ ಗುಂಪಿಗೆ ಸೇರಿಸಿದೆ, ಟಾಸ್ಕ್ ಓಡಿಸುವ ಹಕ್ಕು ಆ ಗುಂಪಿಗೆ ಮೊದಲೇ ಇರುತ್ತದೆ. ನ್ಯಾಸ್‌ನಲ್ಲಿ ಬರೆಯುವ ಅನುಮತಿ ಆ ಒಂದು ಖಾತೆಗೆ ಮಾತ್ರ. ನನ್ನ ಹೆಸರಿಗೆ ಓದುವುದಷ್ಟೇ. ಟಾಸ್ಕ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಉಳಿಸಿದೆ.

ಆ ರಾತ್ರಿ ಹೋಯಿತು. ಆದರೆ ಬೆಳಗ್ಗೆ ನೋಡಿದರೆ ಒಟ್ಟು ನಾಲ್ಕೂವರೆ ಗಂಟೆ ತೆಗೆದುಕೊಂಡಿದೆ. ಹೊಸ ಫೋಲ್ಡರ್‌ಗೆ 180 ಜಿಬಿ ಪೂರ್ತಿ ಕಳಿಸಿದ್ದೆ, ನಿಜ. ಆದರೂ ಗಿಗಾಬಿಟ್ ನೆಟ್‌ವರ್ಕ್‌ಗೆ ಅದು ಅರ್ಧ ಗಂಟೆಯ ಆಸುಪಾಸಿನ ಕೆಲಸ. ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್ಚಿನ ದೀಪ ನೋಡಿದರೆ ನ್ಯಾಸ್‌ನ ಕೇಬಲ್ 100 ಮೆಗಾಬಿಟ್‌ಗೆ ಇಳಿದಿತ್ತು. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಒಂದು ತಂತಿ ಕೈಕೊಟ್ಟರೂ ಸದ್ದಿಲ್ಲದೆ ಇಳಿದುಬಿಡುತ್ತದೆ. ಹಂಚಿನ ಮಾಡಿನ ಕೆಳಗೆ ಗೋಡೆಗೆ ಹಾಕಿದ್ದ ಬಾಕ್ಸ್ ಬಿಚ್ಚಿದೆ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಬಾಕ್ಸ್ ತೆಗೆದೆಸೆದು, ನ್ಯಾಸ್‌ಗೆ ಸ್ವಿಚ್ಚಿನಿಂದ ನೇರ ಒಂದೇ ಕೇಬಲ್ ಎಳೆದೆ.

ಇನ್ನು ಆ ಎಕ್ಸೆಲ್ ಶೀಟ್. ಇದರಲ್ಲೊಂದು ತಮಾಷೆ ಇದೆ. ನನ್ನ ಸ್ಕ್ರಿಪ್ಟ್ ರೋಬೊಕಾಪಿಯ ಮಿರರ್ ಆಯ್ಕೆಯಲ್ಲಿತ್ತು. ಸರ್ವರ್‌ನಲ್ಲಿ ಅಳಿಸಿದ ಫೈಲ್ ಅನ್ನು ಅದು ನ್ಯಾಸ್‌ನಲ್ಲೂ ಅಳಿಸುತ್ತದೆ. ಬ್ಯಾಕಪ್ ಸರಿಯಾಗಿ ಓಡುತ್ತಿದ್ದರೆ ಶನಿವಾರ ರಾತ್ರಿಯೇ ಆ ಶೀಟ್ ಎರಡೂ ಕಡೆ ಹೋಗಿರುತ್ತಿತ್ತು. ಕೆಟ್ಟು ನಿಂತಿದ್ದಕ್ಕೇ 19 ದಿನದ ಹಿಂದಿನ ಒಂದು ನಕಲು ಉಳಿದಿತ್ತು! ಸಾಹುಕಾರರಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ. ಉಳಿದ 19 ದಿನದ ಲೆಕ್ಕ ಗುಮಾಸ್ತರ ಕಿರ್ದಿ ಪುಸ್ತಕದಲ್ಲಿತ್ತು. ಕಂಪ್ಯೂಟರ್ ಬಂದು ಇಷ್ಟು ವರ್ಷ ಆದರೂ ಅವರು ಕೈಯಲ್ಲಿ ಬರೆಯುವುದನ್ನು ಬಿಟ್ಟಿಲ್ಲ. ಅವರೂ ಇನ್ನೊಬ್ಬ ಹುಡುಗನೂ ಕೂತು ಎರಡು ದಿನದಲ್ಲಿ ಎಲ್ಲ ಮತ್ತೆ ಹೊಡೆದರು.

ಈಗ ಮಿರರ್ ಜೊತೆಗೆ ನ್ಯಾಸ್‌ನಲ್ಲೇ ದಿನಕ್ಕೊಂದು ಸ್ನ್ಯಾಪ್‌ಶಾಟ್ (ಆ ದಿನ ಫೈಲ್‌ಗಳು ಇದ್ದ ಹಾಗೆಯೇ ಹಿಡಿದಿಟ್ಟ ಪ್ರತಿ) ಇಟ್ಟಿದ್ದೇನೆ, 30 ದಿನದವರೆಗೆ. ಮರುಪ್ರಯತ್ನ ಮೂರೇ ಸಲ, ಹತ್ತು ಸೆಕೆಂಡ್ ಬಿಟ್ಟು. ಕೊನೆಗೆ ರೋಬೊಕಾಪಿ ಕೊಡುವ ಸಂಖ್ಯೆ 8 ಅಥವಾ ಜಾಸ್ತಿ ಇದ್ದರೆ ನನಗೆ ಮೇಲ್ ಬರುತ್ತದೆ. ಅದರಲ್ಲಿ 1 ಅಂದರೆ ತಪ್ಪಲ್ಲ, ಫೈಲ್ ನಕಲಾಗಿದೆ ಅಂತ. ಮೊದಲ ವಾರ ಇದನ್ನು ಮರೆತು 1 ಬಂದಾಗಲೂ ಮೇಲ್ ಬರುವ ಹಾಗೆ ಬರೆದಿದ್ದೆ, ದಿನಾ ಬೆಳಗ್ಗೆ ಎದೆ ಧಸಕ್ ಅನ್ನುತ್ತಿತ್ತು. ಎರಡು ಯುಎಸ್‌ಬಿ ಡಿಸ್ಕ್ ಕೊಂಡಿದ್ದೇವೆ. ಶನಿವಾರ ಒಂದಕ್ಕೆ ನಕಲು ಮಾಡಿ ಸಾಹುಕಾರರು ಮನೆಗೆ ಒಯ್ಯುತ್ತಾರೆ. ಸಿಡಿಲು ಬಡಿದರೆ ಸರ್ವರ್, ನ್ಯಾಸ್ ಎರಡೂ ಒಟ್ಟಿಗೇ ಹೋಗುತ್ತವೆ ಅಂತ ಹೇಳಿದ್ದಕ್ಕೆ ಆ ಖರ್ಚಿಗೆ ಚೌಕಾಶಿ ಮಾಡಲಿಲ್ಲ.

ತಿಂಗಳಿಗೊಂದು ಸಲ ಹೋಗಿ ಒಂದು ಫೈಲ್ ವಾಪಸ್ ತೆಗೆದು ತೋರಿಸುತ್ತೇನೆ. ಯಾವ ಫೈಲ್ ಅಂತ ಹೇಳುವವರು ಗುಮಾಸ್ತರು. ಹೋದ ಸಲ ಯಾವುದೋ ಹಳೆಯ ತೂಕದ ಚೀಟಿ ಕೇಳಿದರು. ತೆಗೆದು ಕೊಟ್ಟೆ. ಕನ್ನಡಕ ಏರಿಸಿಕೊಂಡು, ಕಿರ್ದಿ ತೆರೆದು, ಸಾಲು ಸಾಲಾಗಿ ತಾಳೆ ನೋಡಿ, "ಹ್ಞೂಂ, ಸರಿ ಇದೆ" ಅಂದರು.