ಹಗ್ಗ ಎಳೆದು ಸುಸ್ತಾಯಿತೇ? ಕಾರ್ಬುರೇಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ತುಳುನಾಡಿನ ಆಟಿ ತಿಂಗಳ ಮಳೆ ಮುಗಿದು ಸೋಣ ತಿಂಗಳ ಬಿಸಿಲು ಬಿದ್ದ ಕೂಡಲೇ ಉಡುಪಿ, ಬ್ರಹ್ಮಾವರ, ಕಾರ್ಕಳ ಕಡೆಯ ತೋಟಗಳಿಂದ ಎರಡು ಸದ್ದು ಕೇಳಲು ಶುರುವಾಗುತ್ತವೆ. ಒಂದು, ಹುಲ್ಲು ಹೊಡೆಯುವ ಮೆಷಿನ್‌ನದ್ದು. ಇನ್ನೊಂದು, ಸ್ಟಾರ್ಟ್ ಆಗದ ಮೆಷಿನ್‌ನ ಹಗ್ಗ ಎಳೆದೂ ಎಳೆದೂ ಭುಜ ನೋಯಿಸಿಕೊಂಡವರ ಬೈಗುಳ. ಮಳೆಗೆ ಮುಂಚೆ ಮೂಲೆಗಿಟ್ಟ ಮೆಷಿನ್ ಅದು. ರಿಪೇರಿ ಅಂಗಡಿಗೆ ಹೋದರೆ ಅಲ್ಲಿ ಆಗಲೇ ಸಾಲು. ‘ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಬೇಕು’ ಎಂಬ ತೀರ್ಪು ಮಾತ್ರ ಬೇಗ ಸಿಗುತ್ತದೆ.

ಹೆಚ್ಚಿನ ಸಲ ಕಾರ್ಬುರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ, ಹೋಗಿರುವುದಿಲ್ಲ. ಅದರೊಳಗೆ ಹಳೇ ಪೆಟ್ರೋಲ್ ಒಣಗಿ ಅಂಟಾಗಿರುತ್ತದೆ. ಇಲ್ಲವೇ ಅದಕ್ಕೆ ಪೆಟ್ರೋಲೇ ತಲುಪುತ್ತಿರುವುದಿಲ್ಲ. ಹಾಗಾಗಿ ಟ್ಯಾಂಕಿನಿಂದ ಶುರು ಮಾಡಿ, ಕಾರ್ಬುರೇಟರ್‌ಗೆ ಕೊನೆಯಲ್ಲಿ ಬನ್ನಿ.

ಮೊದಲು ಪೆಟ್ರೋಲ್

ಟ್ಯಾಂಕಿನಲ್ಲಿ ಉಳಿದದ್ದನ್ನು ಬಿಳಿ ಗಾಜಿನ ಬಾಟಲಿಗೆ ಬಗ್ಗಿಸಿ, ಹತ್ತು ನಿಮಿಷ ಅಲುಗಾಡಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆಯೇ ಒಂದು ಪದರ ಕಂಡರೆ, ಅಥವಾ ಹಳೇ ಬಣ್ಣದ ಡಬ್ಬಿಯ ಹಾಗೆ ಹುಳಿ ವಾಸನೆ ಬಂದರೆ, ಅದನ್ನು ಮತ್ತೆ ಟ್ಯಾಂಕಿಗೆ ಹಾಕಬೇಡಿ. ‘ಅರ್ಧ ಲೀಟರ್ ಇದೆ, ಹೊಸದರ ಜತೆ ಬೆರೆಸಿದರೆ ಆಯ್ತಲ್ವಾ’ ಅನ್ನುವವರೇ ಜಾಸ್ತಿ. ಆ ಉಳಿತಾಯ ಕೊನೆಗೆ ಅಂಗಡಿಯ ಬಿಲ್ಲಿನಲ್ಲಿ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಈ ತೊಂದರೆ ಹೆಚ್ಚಾಗಲು ಕಾರಣವಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿದ ಇ20 ಪೆಟ್ರೋಲ್ ಈಗ ಊರಿನ ಬಂಕ್‌ಗಳಲ್ಲೂ ಸಿಗುತ್ತದೆ. ಅದರಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದ ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಪೈಪು ಪೆಟ್ರೋಲ್ ಎಳೆಯುವುದೂ ತಳದಿಂದಲೇ. ಹಳೇ ಮೆಷಿನ್‌ಗಳ ರಬ್ಬರ್ ಭಾಗಗಳಿಗೂ ಎಥನಾಲ್ ಆಗಿಬರುವುದಿಲ್ಲ. ಸಣ್ಣ ಎಂಜಿನ್‌ಗಳ ಅನೇಕ ಕೈಪಿಡಿಗಳು ಶೇ 10ರವರೆಗಿನ ಎಥನಾಲ್‌ಗೆ ಮಾತ್ರ ಒಪ್ಪಿಗೆ ಕೊಡುತ್ತವೆ. ನಿಮ್ಮ ಮೆಷಿನ್‌ನ ಪುಸ್ತಕದಲ್ಲಿ ಏನಿದೆ ಎಂದು ಒಮ್ಮೆ ತೆರೆದು ನೋಡಿ.

ಪೆಟ್ರೋಲ್‌ಗೇ ಆಯಿಲ್ ಬೆರೆಸುವ ಟು-ಸ್ಟ್ರೋಕ್ ಮೆಷಿನ್ ಆದರೆ ಆಯಿಲ್ ಲೆಕ್ಕವೂ ಮುಖ್ಯ. 25:1 ಅಂದರೆ ಲೀಟರ್‌ಗೆ 40 ಮಿ.ಲೀ., 50:1 ಅಂದರೆ 20 ಮಿ.ಲೀ. ಎಷ್ಟು ಹಾಕಬೇಕೆಂದು ಕೈಪಿಡಿಯಲ್ಲಿ ಅಥವಾ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುತ್ತದೆ. ‘ಸ್ವಲ್ಪ ಜಾಸ್ತಿ ಇದ್ದರೆ ಎಂಜಿನ್‌ಗೆ ಒಳ್ಳೆಯದು’ ಎಂದು ಕಣ್ಣಂದಾಜಿಗೆ ಸುರಿದರೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಕಟ್ಟುತ್ತದೆ. ಕಡಿಮೆಯಾದರೆ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ. ಫೋರ್-ಸ್ಟ್ರೋಕ್ ಮೆಷಿನ್‌ನ ಟ್ಯಾಂಕಿಗೆ ಬರೀ ಪೆಟ್ರೋಲ್. ಅದರ ಆಯಿಲ್‌ಗೆ ಬೇರೆ ಜಾಗವಿದೆ.

ಪ್ಲಗ್ ಬಿಚ್ಚಿ ನೋಡಿ

ಹೊಸ ಪೆಟ್ರೋಲ್ ಹಾಕಿ, ಕಾರ್ಬುರೇಟರ್‌ಗೆ ಪೆಟ್ರೋಲ್ ಎಳೆಯುವ ಪ್ರೈಮರ್ ಗುಳ್ಳೆಯನ್ನು ಏಳೆಂಟು ಸಲ ಒತ್ತಿ, ಚೋಕ್ ಹಾಕಿ ಐದಾರು ಬಾರಿ ಹಗ್ಗ ಎಳೆಯಿರಿ. ಸ್ಟಾರ್ಟ್ ಆಗದಿದ್ದರೆ ಎಳೆಯುತ್ತಲೇ ಇರಬೇಡಿ. ಸ್ವಿಚ್ ಆಫ್ ಮಾಡಿ ಪ್ಲಗ್ ಬಿಚ್ಚಿ.

ತುದಿ ಒಣಗಿದ್ದರೆ ಎಂಜಿನ್‌ಗೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಒಂದೋ ಅತಿಯಾಗಿ ಬರುತ್ತಿದೆ, ಇಲ್ಲವೇ ಕಿಡಿ ಬರುತ್ತಿಲ್ಲ. ಒದ್ದೆ ಪ್ಲಗ್ಗನ್ನು ಒರೆಸಿ, ತುದಿಯ ಅಂತರ ನೋಡಿ. ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಇರಬೇಕು. ಪ್ಲಗ್ ಇಲ್ಲದೆ, ಸ್ವಿಚ್ ಆಫ್ ಇಟ್ಟು ನಾಲ್ಕೈದು ಸಲ ಹಗ್ಗ ಎಳೆದರೆ ಒಳಗೆ ತುಂಬಿದ ಪೆಟ್ರೋಲ್ ಹೊರಗೆ ಬರುತ್ತದೆ. ಆಮೇಲೆ ಪ್ಲಗ್ ಹಾಕಿ, ಚೋಕ್ ಇಲ್ಲದೆ ಪ್ರಯತ್ನಿಸಿ. ಎಷ್ಟೋ ಮೆಷಿನ್‌ಗಳು ಇಲ್ಲೇ ಸರಿಯಾಗುತ್ತವೆ.

ಹಗ್ಗ ಎಳೆಯುವಾಗ ತಡೆಯೇ ಸಿಗದೆ ಸಲೀಸಾಗಿ ಬಂದರೆ ಸಿಲಿಂಡರ್, ಪಿಸ್ಟನ್ ಕಡೆಯ ತೊಂದರೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ, ಮೆಕ್ಯಾನಿಕ್ ಹತ್ತಿರ ಕೊಂಡುಹೋಗಿ.

ಪೈಪು, ಫಿಲ್ಟರ್, ಮುಚ್ಚಳ

ಪ್ಲಗ್ ಒಣಗಿದ್ದರೆ ಟ್ಯಾಂಕಿನೊಳಗಿನ ಫಿಲ್ಟರನ್ನು ಕೊಕ್ಕೆ ಮಾಡಿದ ತಂತಿಯಿಂದ ಹೊರಗೆಳೆಯಿರಿ. ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಬದಲಿಸಿ, ದೊಡ್ಡ ಖರ್ಚೇನಲ್ಲ. ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕಿದ್ದರೆ ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ. ಪ್ರೈಮರ್ ಗುಳ್ಳೆ ಒತ್ತಿದ ಮೇಲೂ ಪೆಟ್ರೋಲ್ ತುಂಬದಿದ್ದರೆ, ಅಥವಾ ತುಂಬಿದರೂ ಗಾಳಿಗುಳ್ಳೆಗಳು ನಿಲ್ಲದಿದ್ದರೆ ಹೆಚ್ಚಾಗಿ ತಪ್ಪು ಇಲ್ಲೇ ಇರುತ್ತದೆ.

ಮೆಷಿನ್ ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತುಬಿಡುತ್ತದೆಯೇ? ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲಿಸಿ. ‘ಸುಂಯ್’ ಎಂದು ಗಾಳಿ ಒಳಗೆ ಹೋಗಿ, ಮತ್ತೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಅದನ್ನು ತೊಳೆದರೆ ಕೆಲಸ ಮುಗಿಯಿತು. ಇದಕ್ಕೂ ಕಾರ್ಬುರೇಟರ್ ಬದಲಿಸಿಕೊಂಡವರಿದ್ದಾರೆ!

ಏರ್ ಫಿಲ್ಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ಪಂಜಿನದ್ದಾದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಸೈಲೆನ್ಸರ್ ತೂತನ್ನೂ ಒಮ್ಮೆ ಇಣುಕಿ ನೋಡಿ. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿಟ್ಟ ಮೆಷಿನ್‌ನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರಲೂಬಹುದು.

ಈಗ ಕಾರ್ಬುರೇಟರ್

ಇಷ್ಟೆಲ್ಲ ಸರಿಯಿದ್ದೂ ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ತೆಗೆದ ಕೂಡಲೇ ಸಾಯುತ್ತದೆ ಎಂದಾದರೆ ಒಳಗಿನ ಸಣ್ಣ ದಾರಿ ಕಟ್ಟಿದೆ. ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಓಟ) ಸರಿಯಿದ್ದು, ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸಿದರೂ ಹೆಚ್ಚಾಗಿ ಇದೇ ಕಥೆ. ಕಾರ್ಬುರೇಟರ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಸೂಜಿ ವಾಲ್ವ್‌ನಲ್ಲಿ ಕಸ ಕೂತಿದೆ.

ಕೆಲಸ ಹೊರಗೆ, ಗಾಳಿಯಾಡುವಲ್ಲಿ ಆಗಲಿ. ಒಲೆ, ಬೀಡಿ, ಸಿಗರೇಟು ದೂರ. ಅಗಲವಾದ ಬಿಳಿ ತಟ್ಟೆ ಇಟ್ಟುಕೊಳ್ಳಿ. ಬಿದ್ದ ಸ್ಪ್ರಿಂಗ್ ಅಂಗಳದ ಹುಲ್ಲಲ್ಲಿ ಮತ್ತೆ ಸಿಗುವುದಿಲ್ಲ. ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೋ ತೆಗೆಯಿರಿ. ಯಾವ ಪೈಪು ಟ್ಯಾಂಕಿನಿಂದ ಬರುತ್ತದೆ, ಯಾವುದು ವಾಪಸು ಹೋಗುತ್ತದೆ ಎಂಬುದರ ಫೋಟೋ ಬೇಕೇ ಬೇಕು. ಅದಲು ಬದಲಾದರೆ ಪ್ರೈಮರ್ ಕೆಲಸ ಮಾಡುವುದಿಲ್ಲ.

ಏರ್ ಫಿಲ್ಟರ್ ಡಬ್ಬಿ ತೆಗೆದರೆ ಎರಡು ಉದ್ದದ ಬೋಲ್ಟ್ ಕಾಣುತ್ತವೆ. ಅವನ್ನು ಬಿಚ್ಚಿ, ಆಕ್ಸಿಲರೇಟರ್ ಕೇಬಲ್ ಕಳಚಿದರೆ ಕಾರ್ಬುರೇಟರ್ ಕೈಗೆ ಬರುತ್ತದೆ. ಹಿಂದೆ ಸಂದಿಗೆ ಹಾಕಿರುವ ತೆಳು ಹಾಳೆಯನ್ನು, ಅಂದರೆ ಗ್ಯಾಸ್ಕೆಟನ್ನು, ಹರಿಯದಂತೆ ಬಿಡಿಸಿ. ಅದು ಹರಿದರೆ ಪಕ್ಕದಿಂದ ಗಾಳಿ ಎಳೆದು ಮತ್ತೆ ಅದೇ ರಗಳೆ.

ಹುಲ್ಲು ಹೊಡೆಯುವ ಮೆಷಿನ್ ಓರೆಯಾದರೂ ಓಡಬೇಕು. ಅದಕ್ಕೇ ಇದರಲ್ಲಿ ಪೆಟ್ರೋಲ್ ಬಟ್ಟಲಿನ ಬದಲು ಡಯಾಫ್ರಂ ಎಂಬ ತೆಳು ಪೊರೆ ಇರುತ್ತದೆ. ಒಂದು ಬದಿಯ ಮುಚ್ಚಳದಡಿ ಪಂಪ್ ಮಾಡುವ ಪೊರೆ, ಅದರ ಹತ್ತಿರ ಉಗುರಿಗಿಂತ ಸಣ್ಣ ಜಾಲರಿ. ಇನ್ನೊಂದು ಬದಿಯಲ್ಲಿ ಅಳತೆಯ ಪೊರೆ, ಅದರಡಿ ಪುಟ್ಟ ಲಿವರ್, ಸ್ಪ್ರಿಂಗ್, ಸೂಜಿ. ಪೊರೆಯನ್ನು ಬೆರಳ ತುದಿಯಿಂದ ಮೆಲ್ಲನೆ ಒತ್ತಿ. ಮೆತ್ತಗೆ ಬಾಗಿದರೆ ಒಳ್ಳೆಯದು. ಒಣ ಕಾಗದದಂತೆ ‘ಪಟ ಪಟ’ ಎಂದರೆ ಗಟ್ಟಿಯಾಗಿದೆ. ಎಷ್ಟು ತೊಳೆದರೂ ಅದು ಸರಿಯಾಗುವುದಿಲ್ಲ. ಪೊರೆ, ಗ್ಯಾಸ್ಕೆಟ್, ಸೂಜಿ ಸೇರಿದ ರಿಪೇರಿ ಕಿಟ್ ಸಿಗುತ್ತದೆ. ಹಳೇ ಕಾರ್ಬುರೇಟರನ್ನೇ ಅಂಗಡಿಗೆ ಒಯ್ದು, ಹೊಂದಿಸಿ ನೋಡಿ ತನ್ನಿ.

ಸೂಜಿಯ ತುದಿಯಲ್ಲಿ ಸುತ್ತ ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ. ಲಿವರನ್ನು ಬಗ್ಗಿಸಲು ಹೋಗಬೇಡಿ. ಅದರ ಎತ್ತರ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಒಂದೋ ಪೆಟ್ರೋಲ್ ತುಂಬಿ ಹರಿಯುತ್ತದೆ, ಇಲ್ಲವೇ ಬರುವುದೇ ಇಲ್ಲ.

ರಬ್ಬರ್, ಪೊರೆ ಎಲ್ಲ ತೆಗೆದ ಮೇಲಷ್ಟೇ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ. ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ಚಿಮ್ಮಿ ನೇರ ಮುಖಕ್ಕೇ ಬರುತ್ತದೆ. ಸುಣ್ಣದ ಪುಡಿಯ ಹಾಗೆ ಬಿಳಿ ಕಂಡರೆ ಒಳಗೆ ನೀರು ನಿಂತಿತ್ತು ಎಂದು ಅರ್ಥ. ಹತ್ತು ನಿಮಿಷ ನೆನೆಯಲು ಬಿಟ್ಟು ಮತ್ತೆ ಸ್ಪ್ರೇ ಹೊಡೆಯಿರಿ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗೆ ಪಿನ್ನು, ಹೊಲಿಗೆ ಸೂಜಿ ತೂರಿಸಬೇಡಿ. ಅದು ಹಿತ್ತಾಳೆ, ತೂತು ದೊಡ್ಡದಾದರೆ ಮುಗಿಯಿತು. ತೀರಾ ಬೇಕಾದರೆ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಮತ್ತೆ ಜೋಡಿಸುವಾಗ ಗ್ಯಾಸ್ಕೆಟ್ ಮೊದಲೋ ಪೊರೆ ಮೊದಲೋ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಎರಡು ಬದಿಯಲ್ಲೂ ಕ್ರಮ ಒಂದೇ ಇರಬೇಕೆಂದಿಲ್ಲ. ಫೋಟೋ ನೋಡಿಯೇ ಹಾಕಿ.

ಮದ್ದು ಬಿಡುವ ಪಂಪು, ನೀರಿನ ಪಂಪು

ಅಡಿಕೆಗೆ ಬೋರ್ಡೋ ಮದ್ದು ಬಿಡುವ ಎಂಜಿನ್ ಪಂಪಿನ ಕತೆ ಇನ್ನೂ ಕಷ್ಟ. ಮಳೆಗಾಲದಲ್ಲಿ ಎರಡೋ ಮೂರೋ ಸಲ ಓಡಿ ವರ್ಷವೆಲ್ಲ ಮಲಗುತ್ತದೆ. ನೆಲದ ಮೇಲೆ ಕೂರುವ ಫೋರ್-ಸ್ಟ್ರೋಕ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಬಟ್ಟಲಿನ ಕಾರ್ಬುರೇಟರ್ ಇರುತ್ತದೆ. ಇಲ್ಲಿ ಒಂದು ಅನುಕೂಲವಿದೆ: ಬಟ್ಟಲಿನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿದರೆ ನೀರು, ಕಸ ಅಲ್ಲೇ ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲು ಬಿಚ್ಚಿ, ನಡುವಿನ ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ. ಆಚೆ ದುಂಡಗೆ ಬೆಳಕು ಕಾಣಬೇಕು. ಪೆಟ್ರೋಲ್ ಉಕ್ಕಿ ಹರಿಯುತ್ತಿದ್ದರೆ ಬಟ್ಟಲಲ್ಲಿ ತೇಲುವ ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ.

ಸ್ಕ್ರೂ ತಿರುಗಿಸುವಾಗ

ಜೋಡಿಸಿ ಸ್ಟಾರ್ಟ್ ಆದ ಮೇಲೆ ಎರಡು ಮೂರು ನಿಮಿಷ ಬಿಸಿಯಾಗಲು ಬಿಡಿ. ಸುಮ್ನೆ ಎಲ್ಲ ಸ್ಕ್ರೂಗೂ ಕೈ ಹಾಕಬೇಡಿ. ಐಡ್ಲಿಂಗ್ ಸ್ಕ್ರೂ ಮಾತ್ರ ನಿಮ್ಮದು. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಓಡುತ್ತಿರಬೇಕು, ಬ್ಲೇಡು ನಿಂತಿರಬೇಕು. ಬ್ಲೇಡು ತಿರುಗುತ್ತಿದ್ದರೆ ಐಡ್ಲಿಂಗ್ ಇಳಿಸಿ. ಈ ಪರೀಕ್ಷೆ ಮಾಡುವಾಗ ಮಕ್ಕಳು, ನಾಯಿ ಹತ್ತಿರ ಇರಬಾರದು. ಎಚ್ ಎಂದು ಗುರುತಿರುವ ಸ್ಕ್ರೂ ಬಿಗಿ ಮಾಡಿದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಜೋರಾಗಿ ಕಿರುಚುತ್ತದೆ. ಕೇಳಲು ಪವರ್ ಬಂದ ಹಾಗೆ ಅನ್ನಿಸುತ್ತದೆ. ಟು-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜತೆ ಆಯಿಲ್ ಕೂಡ ಕಡಿಮೆಯಾಗುವುದರಿಂದ ಪಿಸ್ಟನ್ ಸುಡುತ್ತದೆ. ಅದನ್ನು ತಿಳಿದವರೇ ಮುಟ್ಟಲಿ.

ಕೆಲಸ ಮುಗಿಸಿ ತಿಂಗಳಿಗಿಂತ ಹೆಚ್ಚು ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಬಟ್ಟಲಿನ ಕಾರ್ಬುರೇಟರ್ ಆದರೆ ಡ್ರೈನ್ ಸ್ಕ್ರೂವನ್ನೂ ಒಮ್ಮೆ ಬಿಚ್ಚಿ ಹಾಕಿ. ಪೆಟ್ರೋಲ್ ಬೇಕಾದಷ್ಟೇ ತನ್ನಿ, ನೀರಿನ ಬಾಟಲಿಯಲ್ಲಿ ಬೇಡ, ಮುಚ್ಚಳ ಗಟ್ಟಿಯಿರುವ ಪೆಟ್ರೋಲ್ ಕ್ಯಾನಿನಲ್ಲಿ ತನ್ನಿ. ಕ್ಯಾನಿನ ಮೇಲೆ ತಂದ ತಾರೀಕು ಮತ್ತು ಆಯಿಲ್ ಬೆರೆಸಿದ್ದೋ ಇಲ್ಲವೋ ಎಂಬುದನ್ನು ಬರೆದಿಡಿ.