ಸಿಕಲ್ ಸೆಲ್, ಥಲಸ್ಸೀಮಿಯಾ ಸಂಶೋಧನೆ: ಪ್ರಕಟಣೆಗಳ ಪಟ್ಟಿಯನ್ನು ನಾನು ಕಟ್ಟಿದ ಬಗೆ

ಬಡ್ತಿಗೋ ಅನುದಾನಕ್ಕೋ ಅರ್ಜಿ ಹಾಕುವಾಗ ಪ್ರಕಟಣೆಗಳ ಪಟ್ಟಿ ಕೇಳುತ್ತಾರೆ. ಶೀರ್ಷಿಕೆ, ಜರ್ನಲ್, ವರ್ಷ ಬರೆದುಕೊಟ್ಟರೆ ಅರ್ಜಿಯ ಮಟ್ಟಿಗೆ ಕೆಲಸ ಮುಗಿಯಿತು. ಸಿಕಲ್ ಸೆಲ್, ಥಲಸ್ಸೀಮಿಯಾದಂಥ ಆನುವಂಶಿಕ ರಕ್ತರೋಗಗಳ ಎಪಿಡೆಮಿಯಾಲಜಿಯಲ್ಲಿ (ರೋಗ ಯಾರಲ್ಲಿ, ಎಲ್ಲಿ, ಎಷ್ಟಿದೆ ಎಂಬ ಅಧ್ಯಯನದಲ್ಲಿ) ಆ ಪಟ್ಟಿಯನ್ನು ಓದುವವರು ಅಷ್ಟಕ್ಕೇ ಬಿಡುವುದಿಲ್ಲ. ಯಾವ ಜಿಲ್ಲೆಯಲ್ಲಿ ಎಷ್ಟು ವಾಹಕರು (ರೋಗವಿಲ್ಲದೆ ಅದರ ಜೀನ್ ಮಾತ್ರ ಹೊತ್ತವರು) ಎಂದು ಅದರಿಂದ ಅಂಕಿ ಎತ್ತಿ ಕೂಡಿಸುತ್ತಾರೆ. ಒಂದೇ ಸರ್ವೆಯ ರಕ್ತ ಮೂರು ಪೇಪರ್‌ಗಳಲ್ಲಿ ಬಂದಿದ್ದರೆ ಒಬ್ಬರೇ ಮೂರು ಸಲ ಎಣಿಕೆಗೆ ಸಿಗುತ್ತಾರೆ. ಅದಕ್ಕಾಗಿ ಪೇಪರ್‌ಗೊಂದು ಸಾಲು ಬರೆದ ಮೇಲೆ, ಅದರ ಸ್ಯಾಂಪಲ್ ಯಾವ ಸರ್ವೆಯದು ಎಂಬ ಗುರುತನ್ನೂ ಪ್ರತಿ ಸಾಲಿಗೆ ಕಟ್ಟಿದೆ. ಹೆಚ್ಚು ಹೊತ್ತು ಹಿಡಿದದ್ದು ಅದೇ.

ಮೊದಲ ತೊಡಕು ಹೆಸರಿನದು. ನಮ್ಮ ಕಡೆ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇರುತ್ತದೆ. ಜರ್ನಲ್‌ನ ಫಾರ್ಮ್ ಕೇಳುವುದು ಫಸ್ಟ್ ನೇಮ್, ಲಾಸ್ಟ್ ನೇಮ್. ಎರಡು ಇನಿಷಿಯಲ್ ಇರುವ ಒಬ್ಬ ಮಂಜುನಾಥರನ್ನು ಊಹಿಸಿಕೊಳ್ಳಿ. ಪೇಪರ್ ಸಲ್ಲಿಸಿದವರು ‘ಮಂಜುನಾಥ’ವನ್ನು ಲಾಸ್ಟ್ ನೇಮ್ ಖಾನೆಗೆ ಹಾಕಿದರೆ ಸರಿ. ಇನಿಷಿಯಲ್‌ಗಳನ್ನೇ ಅಲ್ಲಿ ತುಂಬಿದರೆ ಪಬ್‌ಮೆಡ್ ಎಂಬ ವೈದ್ಯಕೀಯ ಪೇಪರ್‌ಗಳ ಹುಡುಕುತಾಣದಲ್ಲಿ ಅವರ ಕುಲನಾಮ ಎರಡು ಅಕ್ಷರವಾಗಿ, ಮಂಜುನಾಥ ಎಂಬುದು ಬರೀ ‘ಎಂ’ ಆಗಿ ಉಳಿಯುತ್ತದೆ. ಇಂಗ್ಲಿಷ್‌ನಲ್ಲಿ ಕೊನೆಗೆ ‘ಎ’ ಹಾಕುವವರು, ಬಿಡುವವರು ಬೇರೆ. ಮದುವೆಯ ನಂತರ ಹೆಸರು ಬದಲಿಸಿದವರಿಗೆ ಇವೆಲ್ಲ ಇಮ್ಮಡಿ. ನಾನು ಸಾಧ್ಯವಿರುವ ರೂಪಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡು, ಲೇಖಕರ ಟ್ಯಾಗ್ ಹಾಕಿ, ನಡುವೆ ‘ಆರ್’ (ಅಥವಾ) ಜೋಡಿಸಿ ಒಂದೇ ಸಲ ಹುಡುಕಿದೆ. ಪಬ್‌ಮೆಡ್‌ನಲ್ಲಿ ಪೂರ್ಣ ಹೆಸರಿನಿಂದ ಹುಡುಕಿದರೆ 2002ರಿಂದ ಈಚಿನ ಪೇಪರ್‌ಗಳು ಮಾತ್ರ ಸಿಗುತ್ತವೆ; ಹಳೆಯವಕ್ಕೆ ಕುಲನಾಮ, ಇನಿಷಿಯಲ್‌ಗಳೇ ದಾರಿ. ಇನ್ನೊಂದು ವಿಷಯ: 1984ರಿಂದ 1995ರವರೆಗೆ ಪಬ್‌ಮೆಡ್‌ನ ಮುಖ್ಯ ಭಂಡಾರವಾದ ಮೆಡ್‌ಲೈನ್ ಒಂದು ಪೇಪರ್‌ಗೆ ಹತ್ತೇ ಲೇಖಕರನ್ನು ದಾಖಲಿಸುತ್ತಿತ್ತು. ಆ ಕಾಲದ ಬಹುಕೇಂದ್ರ ಅಧ್ಯಯನದಲ್ಲಿ ಹನ್ನೊಂದನೆಯವರಾಗಿದ್ದ ಹಿರಿಯರ ಹೆಸರು ಎಷ್ಟು ಹುಡುಕಿದರೂ ಬರುವುದಿಲ್ಲ; ಪೇಪರ್‌ನ ಮೊದಲ ಪುಟದ ಸ್ಕ್ಯಾನ್ ಇಟ್ಟುಕೊಳ್ಳಬೇಕು.

ವಿಷಯದಿಂದ ಸೋಸುವಾಗ ಸ್ಪೆಲಿಂಗ್ ಕಾಡುತ್ತದೆ. ಅನೀಮಿಯಾ, ಹೆಮಟಾಲಜಿ, ಥಲಸ್ಸೀಮಿಯಾ ಮೂರಕ್ಕೂ ಬ್ರಿಟಿಷ್ ಬರಹದಲ್ಲಿ ಒಂದು ‘ಎ’ ಹೆಚ್ಚು. ಮೆಶ್ ಪದ (ಮೆಡ್‌ಲೈನ್ ಪೇಪರ್‌ಗಳಿಗೆ ಹಚ್ಚುವ ನಿಗದಿತ ವಿಷಯಪದ) ಕೊಟ್ಟರೆ ಎರಡೂ ಬರುತ್ತವೆ, ಆದರೆ ತೀರಾ ಹೊಸ ಪೇಪರ್‌ಗಳಿಗೂ ಮೆಡ್‌ಲೈನ್‌ಗೆ ಸೇರದ ಜರ್ನಲ್‌ಗಳಿಗೂ ಮೆಶ್ ಇರುವುದಿಲ್ಲ. ಮೆಶ್‌ನಿಂದ ಒಮ್ಮೆ, ಬಿಡಿ ಪದಗಳಿಂದ ಒಮ್ಮೆ ಹುಡುಕಿ ಎರಡನ್ನೂ ಕೂಡಿಸಿ.

ಎಕ್ಸೆಲ್ ಶೀಟ್ ತೆರೆದ ಕೂಡಲೇ ಎಲ್ಲ ಕಾಲಂಗಳನ್ನೂ ‘ಟೆಕ್ಸ್ಟ್’ ಮಾಡಿಕೊಳ್ಳಿ. ಇಲ್ಲದಿದ್ದರೆ 3-12 ಎಂಬ ಪುಟಸಂಖ್ಯೆ ತಾರೀಕಾಗುತ್ತದೆ, ಕಂಸದೊಳಗಿನ ಸಂಚಿಕೆ ಸಂಖ್ಯೆ ಮೈನಸ್ ಆಗುತ್ತದೆ. ಆನ್‌ಲೈನ್ ಬಂದ ವರ್ಷ, ಅಚ್ಚಾದ ವರ್ಷ ಎರಡಕ್ಕೂ ಕಾಲಂ ಇರಲಿ. ಡಿಸೆಂಬರ್‌ನಲ್ಲಿ ಆನ್‌ಲೈನ್, ಮಾರ್ಚ್‌ನಲ್ಲಿ ಅಚ್ಚಾದ ಒಂದೇ ಪೇಪರ್ ಎರಡು ಸಾಲಾಗುವುದು ಇಲ್ಲಿಯೇ. ಅಮೆರಿಕನ್ ಹೆಮಟಾಲಜಿ ಸೊಸೈಟಿಯ ವಾರ್ಷಿಕ ಸಭೆಯ ಅಬ್‌ಸ್ಟ್ರಾಕ್ಟ್‌ಗಳು (ಸಾರಾಂಶಗಳು) ‘ಬ್ಲಡ್’ ಜರ್ನಲ್‌ನ ಪುರವಣಿಯಲ್ಲಿ ಡಿಒಐ (ಪೇಪರ್‌ನ ಶಾಶ್ವತ ಆನ್‌ಲೈನ್ ಗುರುತುಸಂಖ್ಯೆ) ಸಮೇತ ಬರುತ್ತವೆ. ತಾನಾಗಿಯೇ ತುಂಬುವ ಸಾಧನಗಳು ಅವನ್ನು ಪೂರ್ಣ ಪೇಪರ್ ಎಂದೇ ಸೇರಿಸಿಬಿಡುತ್ತವೆ. ನಾನು ಅವಕ್ಕೆ ಬೇರೆ ಹಾಳೆ ಮಾಡಿದೆ. ತಿದ್ದುಪಡಿಗಳಿಗೆ ಸಾಲು ಕೊಡದೆ ಮೂಲ ಪೇಪರ್‌ನ ಸಾಲಿನಲ್ಲೇ ಬರೆದೆ.

ಈಗ ಸರ್ವೆಯ ಗುರುತು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟು ಹಾಡಿ, ಪೋಡುಗಳಲ್ಲಿ 2,000 ಜನರ ರಕ್ತ ತೆಗೆದರೆಂದು ಇಟ್ಟುಕೊಳ್ಳಿ. ರಕ್ತಹೀನತೆಯ ಪೇಪರ್‌ಗೆ ಛೇದ (ಶೇಕಡಾ ತೆಗೆಯಲು ಭಾಗಿಸುವ ಸಂಖ್ಯೆ) 2,000. ಸಿಕಲ್ ಸೆಲ್ ಪೇಪರ್‌ಗೆ ಸಾಲ್ಯುಬಿಲಿಟಿ ಟೆಸ್ಟ್ (ಸಿಕಲ್ ಹಿಮೋಗ್ಲೋಬಿನ್ ಇದೆಯೇ ಎಂದು ನೋಡುವ ಸರಳ ಪರೀಕ್ಷೆ) ಆದವರು ಛೇದ; ಆರು ತಿಂಗಳೊಳಗಿನ ಕೂಸುಗಳನ್ನು ಬಿಡಬೇಕು, ಏಕೆಂದರೆ ಅವರಲ್ಲಿ ಭ್ರೂಣದ ಹಿಮೋಗ್ಲೋಬಿನ್ನೇ ಹೆಚ್ಚಿದ್ದು ಸಿಕಲ್ ಇದ್ದರೂ ನೆಗೆಟಿವ್ ಬರಬಹುದು. ಆ ಟೆಸ್ಟ್ ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸುವುದಿಲ್ಲವಾದ್ದರಿಂದ ಪಾಸಿಟಿವ್ ಬಂದವರಿಗೆ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಮಾಡುತ್ತಾರೆ. ತಪ್ಪು ನುಸುಳುವುದು ಇಲ್ಲಿಂದ. ಆ ಎಚ್‌ಪಿಎಲ್‌ಸಿ ಫಲಿತಾಂಶಗಳಿಂದ ಮೂರನೆಯ ಪೇಪರ್ ಬರೆದು, ಬೀಟಾ ಥಲಸ್ಸೀಮಿಯಾ ವಾಹಕರು ಇಷ್ಟು ಮಂದಿ ಎಂದು 2,000ದಿಂದ ಭಾಗಿಸಿದರೆ ಅಂಕಿ ಕೆಟ್ಟಂತೆಯೇ. ಬರೀ ಬೀಟಾ ವಾಹಕರಾದವರು ಸಾಲ್ಯುಬಿಲಿಟಿಯಲ್ಲಿ ನೆಗೆಟಿವ್. ಅವರು ಎಚ್‌ಪಿಎಲ್‌ಸಿ ಮೇಜಿಗೆ ಬಂದೇ ಇಲ್ಲ. ನನ್ನ ಶೀಟ್‌ನಲ್ಲಿ ಇಂಥ ಮೂರೂ ಪೇಪರ್‌ಗೆ ಒಂದೇ ಸರ್ವೆ ಸಂಕೇತ, ಪಕ್ಕದಲ್ಲಿ ‘ಯಾರಿಗೆ ಟೆಸ್ಟ್ ಆಯಿತು’ ಎಂಬ ಕಾಲಂ. ಸಂಕೇತಕ್ಕೆ ಆಧಾರ ಎಥಿಕ್ಸ್ ಕಮಿಟಿಯ ಅನುಮತಿ ಸಂಖ್ಯೆ ಮತ್ತು ರಕ್ತ ತೆಗೆದ ತಿಂಗಳುಗಳು. ಶೀರ್ಷಿಕೆ ನೋಡಿ ಊಹಿಸಬೇಡಿ.

ಕಟ್-ಆಫ್‌ಗೂ ಒಂದು ಕಾಲಂ ಬೇಕು. ಹಿಮೋಗ್ಲೋಬಿನ್‌ನ ಒಂದು ಬಗೆಯಾದ ಎ2 ಶೇ 3.5ಕ್ಕಿಂತ ಹೆಚ್ಚಿದ್ದರೆ ಬೀಟಾ ಥಲಸ್ಸೀಮಿಯಾ ವಾಹಕ ಎನ್ನುವ ಲ್ಯಾಬ್‌ಗಳಿವೆ, ಶೇ 4 ಹಿಡಿಯುವವೂ ಇವೆ. ಕಬ್ಬಿಣದ ಕೊರತೆ ಎ2ವನ್ನು ಕೆಳಗೆಳೆಯುತ್ತದೆ. ಸಿಕಲ್ ಹಿಮೋಗ್ಲೋಬಿನ್ ಇರುವವರಲ್ಲಿ ಎಚ್‌ಪಿಎಲ್‌ಸಿ ಎ2ವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ರಕ್ತಹೀನತೆಯಲ್ಲೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ 6ರಿಂದ 23 ತಿಂಗಳ ಮಕ್ಕಳ ಗಡಿಯನ್ನು ಡೆಸಿಲೀಟರ್‌ಗೆ 11ರಿಂದ 10.5 ಗ್ರಾಮಿಗೆ ಇಳಿಸಿತು. ಅದೇ ರಕ್ತ, ಅದೇ ಮಕ್ಕಳು, ಆದರೂ 2024ರ ಮೊದಲಿನ ಪೇಪರ್‌ಗೂ ನಂತರದ್ದಕ್ಕೂ ಶೇಕಡಾವಾರು ಬೇರೆ. ಬೆರಳ ತುದಿಯ ರಕ್ತವೋ ನರದಿಂದ ತೆಗೆದದ್ದೋ ಎಂಬುದನ್ನೂ ಜೊತೆಗೇ ಬರೆಯಿರಿ.

ಜುಲೈ 1, 2023ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ತಪಾಸಣೆಯಲ್ಲಿ ಹಿಂದಿನ ಸರ್ವೆಗಳಿಗೆ ರಕ್ತ ಕೊಟ್ಟವರೂ ಮತ್ತೆ ಪರೀಕ್ಷೆಗೆ ಬಂದಿರಬಹುದು. ಆ ದತ್ತಾಂಶ ಬಳಸಿದ ಪೇಪರ್‌ಗೆ ‘ಕಾರ್ಯಕ್ರಮ’ ಎಂದು ಬೇರೆ ಸಂಕೇತ ಕೊಟ್ಟೆ. ಹಳೆಯ ಸರ್ವೆಯ ಅಂಕಿಯೊಂದಿಗೆ ಕೂಡಿಸಬಾರದು ಎಂಬ ಷರಾ ಸಹಿತ.

ಜಾಗದ ಕಾಲಂನಲ್ಲಿ ಸಮುದಾಯ ಮತ್ತು ತಾಲ್ಲೂಕು ಇರಲಿ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಶ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ನೀಲಗಿರಿಯ ಬುಡಕಟ್ಟುಗಳ ಸಿಕಲ್ ಲಕ್ಷಣದ ಬಗ್ಗೆ ಬರೆದ ಪುಟ್ಟ ವರದಿಯನ್ನು ಇವತ್ತಿಗೂ ಉಲ್ಲೇಖಿಸುತ್ತಾರೆ; ಯಾವ ಜನ, ಯಾವ ಜಾಗ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಹಂಚಿಕೊಳ್ಳುವ ಪ್ರತಿಯಲ್ಲಿ ಪೋಡಿನ ಹೆಸರು ತೆಗೆದುಬಿಡಿ. ಇಪ್ಪತ್ತು ಮನೆಗಳ ಪೋಡಿನಲ್ಲಿ ‘ಇಬ್ಬರು ರೋಗಿಗಳು’ ಎಂದರೆ ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಹೆಣ್ಣುಮಗುವಿನ ಮದುವೆಯ ಮಾತಿಗೇ ಅಡ್ಡಿಯಾಗುತ್ತದೆ.

ಕೊನೆಗೆ ಆರ್ಕಿಡ್ (ORCID), ಅಂದರೆ ಸಂಶೋಧಕರಿಗೆ ತಲಾ ಒಂದರಂತೆ ಕೊಡುವ ಗುರುತುಸಂಖ್ಯೆ. ಹದಿನಾರು ಅಂಕೆಯ ಆ ಸಂಖ್ಯೆಯ ಕೊನೆಯದು ‘ಎಕ್ಸ್’ ಇರಬಹುದು, ತಪ್ಪೆಂದು ಅಳಿಸಬೇಡಿ. ‘ಬೇರೆ ಹೆಸರುಗಳು’ ಖಾನೆಯಲ್ಲಿ ಕಾಗದದ ಮೇಲೆ ಬರೆದ ರೂಪಗಳನ್ನೆಲ್ಲ ಸೇರಿಸಿ. ಪೇಪರ್ ಸಲ್ಲಿಸುವ ಸಹಲೇಖಕರಿಗೆ ಸಂಖ್ಯೆ ಮೊದಲೇ ಕಳಿಸಿದರೆ, ಜರ್ನಲ್ ಅದನ್ನು ಡಿಒಐ ನೋಂದಾಯಿಸುವ ಕ್ರಾಸ್‌ರೆಫ್‌ಗೆ ದಾಟಿಸಿದಾಗ, ನೀವು ಅನುಮತಿ ಕೊಟ್ಟಿದ್ದರೆ ಹೊಸ ಪೇಪರ್ ನಿಮ್ಮ ಆರ್ಕಿಡ್ ಪಟ್ಟಿಗೆ ತಾನಾಗಿ ಸೇರುತ್ತದೆ. ಸೇರಿದ್ದಕ್ಕೆ ಸರ್ವೆ ಸಂಕೇತ ಮಾತ್ರ ಕೈಯಿಂದಲೇ ಹಾಕಬೇಕು. ಮೂರು ತಿಂಗಳಿಗೊಮ್ಮೆ ಅದಕ್ಕಾಗಿ ಶೀಟ್ ತೆರೆದಾಗ, ಹಿಂತೆಗೆದ ಪೇಪರ್ ಯಾವುದಾದರೂ ಇದೆಯೇ ಎಂದು ಪಬ್‌ಮೆಡ್‌ನಲ್ಲಿ ಒಮ್ಮೆ ನೋಡುತ್ತೇನೆ.