ಕಿವಿಗೆ ಒಪ್ಪುವ ಇಯರ್‌ಫೋನ್ ಆರಿಸುವುದು ಹೇಗೆ?

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಹೋಗಿ ‘ಒಂದು ಇಯರ್‌ಫೋನ್ ಕೊಡಿ’ ಅಂದರೆ ಮೊದಲು ಬರುವ ಪ್ರಶ್ನೆ, ‘ಎಷ್ಟರೊಳಗೆ ಬೇಕು ಸಾರ್?’ ಯಾವ ಕಿವಿಗೆ, ಯಾವ ಕೆಲಸಕ್ಕೆ ಅಂತ ಕೇಳುವವರು ಕಡಿಮೆ. ಆನ್‌ಲೈನ್‌ನಲ್ಲಂತೂ ಕೇಳುವವರೇ ಇಲ್ಲ. ಡ್ರೈವರ್ (ಒಳಗಿರುವ ಪುಟ್ಟ ಸ್ಪೀಕರ್) ಎಷ್ಟು ಮಿಲಿಮೀಟರ್, ಬ್ಯಾಟರಿ ಎಷ್ಟು ಗಂಟೆ, ಎಷ್ಟು ಸ್ಟಾರ್ ಬಿದ್ದಿದೆ, ಅಷ್ಟೇ. ಇವನ್ನು ನಂಬಿ ತಂದದ್ದು ಎರಡೇ ದಿನಕ್ಕೆ ಕಿವಿ ನೋಯಿಸುತ್ತದೆ, ಇಲ್ಲವೇ ನಡೆಯುವಾಗ ಜಾರಿ ಬೀಳುತ್ತದೆ. ಆಮೇಲೆ ಮೇಜಿನ ಡ್ರಾ ಸೇರುತ್ತದೆ.

500 ರೂಪಾಯಿಯದ್ದಾಗಲಿ, 15,000 ರೂಪಾಯಿಯದ್ದಾಗಲಿ, ನೋಡುವ ಕ್ರಮ ಒಂದೇ. ಮೊದಲು ಕಿವಿಗೆ ಕೂರುತ್ತದಾ, ಆಮೇಲೆ ದನಿ ಹೇಗಿದೆ, ನಂತರ ಎಷ್ಟು ದಿನ ಬಾಳುತ್ತದೆ. ಡಬ್ಬಿಯ ಮೇಲಿನ ಅಂಕಿಗಳನ್ನು ಕೊನೆಗೆ ಓದಿದರೆ ಸಾಕು.

ಹಂತ 1: ಎಲ್ಲಿ, ಯಾವಾಗ ಹಾಕಿಕೊಳ್ಳುತ್ತೀರಿ?

ಬಸ್ಸು, ರೈಲಿನಲ್ಲಿ ಓಡಾಡುವವರಿಗೆ ಕಿವಿಯ ಒಳಗೆ ಕೂರುವ, ರಬ್ಬರ್ ತುದಿ ಇರುವ ಇಯರ್‌ಫೋನ್ ಬೇಕು. ಹೊರಗಿನ ಗದ್ದಲವನ್ನು ಅರ್ಧಕ್ಕರ್ಧ ತಡೆಯುವುದು ಆ ರಬ್ಬರೇ. ಮನೆಯಲ್ಲಿ ಕೆಲಸ ಮಾಡುತ್ತಾ ಕೇಳುವವರಿಗೆ, ಕುಕ್ಕರ್ ಕೂಗಿದ್ದೂ ಕಾಲಿಂಗ್ ಬೆಲ್ಲೂ ಕೇಳಬೇಕಾದವರಿಗೆ, ಕಿವಿಯ ಬಾಯಲ್ಲಿ ಸುಮ್ನೆ ಕೂರುವ ರಬ್ಬರಿಲ್ಲದ ಬಗೆ ವಾಸಿ. ಬೆಳಗ್ಗೆ ರಸ್ತೆಯಲ್ಲಿ ವಾಕಿಂಗ್ ಹೋಗುವವರಿಗೂ ಅದೇ ಸರಿ. ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳಲೇಬೇಕಲ್ವಾ?

ಕನ್ನಡಕ ಹಾಕುವವರು ಕಿವಿಯ ಮೇಲಿನಿಂದ ಕೊಕ್ಕೆಯಂತೆ ಬರುವ ಬಗೆಯನ್ನು ಹಾಕಿ ನೋಡದೆ ಕೊಳ್ಳಬೇಡಿ. ಕನ್ನಡಕದ ಕಡ್ಡಿಯೂ ಕೊಕ್ಕೆಯೂ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಜುಮುಕಿಗೆ ಮಾಟಿ ಹಾಕುವವರಿಗೂ ಇದೇ ಫಜೀತಿ. ಇನ್ನು ಗಾಡಿ ಓಡಿಸುವಾಗ ಯಾವ ಬಗೆಯೂ ಬೇಡ.

ಹಂತ 2: ರಬ್ಬರ್ ಸರಿ ಮಾಡಿಕೊಳ್ಳಿ

ಈ ಹಂತವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಆದರೆ ಅರ್ಧ ಕೆಲಸ ಇರುವುದೇ ಇಲ್ಲಿ. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ರಬ್ಬರ್ ತುದಿಗಳು ಬರುತ್ತವೆ: ಸಣ್ಣದು, ಮಧ್ಯಮ, ದೊಡ್ಡದು. ಮಧ್ಯಮದ್ದನ್ನು ಕಂಪನಿಯವರೇ ಸಿಕ್ಕಿಸಿ ಕಳಿಸಿರುತ್ತಾರೆ. ಉಳಿದ ನಾಲ್ಕು ಇರುವ ಪುಟ್ಟ ಪ್ಲಾಸ್ಟಿಕ್ ಚೀಲ ಡಬ್ಬಿಯ ಜೊತೆ ಕಸಕ್ಕೆ ಹೋಗುತ್ತದೆ. ದಯವಿಟ್ಟು ಅದನ್ನು ತೆಗೆದಿಡಿ.

ಹಾಕುವ ಕ್ರಮವೂ ಮುಖ್ಯ. ಕಿವಿಯ ನಾಳ ನೇರವಾಗಿಲ್ಲ, ಒಳಗೆ ತಿರುವು ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಿರಿ. ಆಗ ನಾಳ ಸ್ವಲ್ಪ ನೇರವಾಗುತ್ತದೆ. ಇಯರ್‌ಫೋನನ್ನು ಒಳಗಿಟ್ಟು ಚೂರು ತಿರುಗಿಸಿ, ಕಿವಿಯನ್ನು ಬಿಡಿ. ರಬ್ಬರ್ ತಾನಾಗಿ ಕೂರುತ್ತದೆ.

ಕೂತಿದೆಯೋ ಇಲ್ಲವೋ ತಿಳಿಯುವುದು ಸುಲಭ. ಹಾಡು ಹಾಕದೆ ಒಂದೆರಡು ಮಾತು ಜೋರಾಗಿ ಆಡಿ. ನಿಮ್ಮ ದನಿ ತಲೆಯೊಳಗೇ ಗುಂಯ್ ಅಂದರೆ ಕೂತಿದೆ ಅಂತ ಅರ್ಥ. ಆಮೇಲೆ ಬೇಸ್ (ತಗ್ಗಿನ ದನಿ) ಇರುವ ಒಂದು ಹಾಡು ಹಾಕಿ, ಎರಡೂ ಇಯರ್‌ಫೋನ್‌ಗಳನ್ನು ಬೆರಳಿಂದ ಮೆಲ್ಲಗೆ ಒತ್ತಿ. ಒತ್ತಿದ ತಕ್ಷಣ ಬೇಸ್ ದಪ್ಪಗಾಗಿ, ಬಿಟ್ಟ ಕೂಡಲೇ ಸಣ್ಣಗಾದರೆ ಎಲ್ಲೋ ಸಂದಿ ಉಳಿದಿದೆ. ಒಂದಳತೆ ದೊಡ್ಡ ರಬ್ಬರ್ ಹಾಕಿ. ‘ಇದರಲ್ಲಿ ಬೇಸೇ ಇಲ್ಲ’ ಅಂತ ವಾಪಸ್ ಕಳಿಸುವ ಎಷ್ಟೋ ಇಯರ್‌ಫೋನ್‌ಗಳ ದೋಷ ಇಷ್ಟೇ ಇರುತ್ತದೆ. ತಗ್ಗಿನ ದನಿ ಆ ಸಂದಿಯಿಂದ ಸೋರಿಹೋಗುತ್ತದೆ, ಚುರುಕು ದನಿ ಮಾತ್ರ ಉಳಿಯುತ್ತದೆ. ಹಾಗಾಗಿ ಕೇಳುವುದಕ್ಕೆ ತಗಡು ಬಡಿದಂತೆ ಇರುತ್ತದೆ.

ಇನ್ನೊಂದು ವಿಷಯ. ಎಡಗಿವಿಗೂ ಬಲಗಿವಿಗೂ ಒಂದೇ ಅಳತೆ ಹೊಂದಬೇಕೆಂದಿಲ್ಲ. ಒಂದಕ್ಕೆ ಸಣ್ಣದು, ಇನ್ನೊಂದಕ್ಕೆ ಮಧ್ಯಮ ಹಾಕಿಕೊಳ್ಳುವವರು ಬೇಕಾದಷ್ಟು ಜನ. ಹಾಕಿಕೊಂಡು ಆಕಳಿಸಿ, ಏನಾದರೂ ಅಗಿಯಿರಿ, ತಲೆ ಆಡಿಸಿ. ದವಡೆ ಆಡಿದಾಗ ಕಿವಿಯ ನಾಳದ ಆಕಾರವೂ ಬದಲಾಗುತ್ತದೆ. ಅಷ್ಟಕ್ಕೇ ಸಡಿಲವಾದರೆ ಅಳತೆ ಸರಿಯಿಲ್ಲ. ಕಾಲು ಗಂಟೆಯಲ್ಲಿ ಒತ್ತಿದಂತಾದರೆ ಅಥವಾ ನೋವು ಬಂದರೆ ಸಣ್ಣದಕ್ಕೆ ಇಳಿಯಿರಿ. ನೋಯುತ್ತಿರುವುದು ನಾಳವಲ್ಲ, ಕಿವಿಯ ಹೊರಗಿನ ಬಟ್ಟಲು ಅಂತಾದರೆ ಇಯರ್‌ಫೋನಿನ ಮೈಯೇ ನಿಮಗೆ ದೊಡ್ಡದು. ರಬ್ಬರ್ ಬದಲಿಸಿ ಉಪಯೋಗವಿಲ್ಲ, ಬೇರೆ ಮಾದರಿಯನ್ನೇ ನೋಡಿ.

ಡಬ್ಬಿಯಲ್ಲಿ ಬಂದ ಈ ರಬ್ಬರ್, ಅಂದರೆ ಸಿಲಿಕೋನ್ ತುದಿಗಳು ಯಾವುದೂ ಹೊಂದದಿದ್ದರೆ ಫೋಮ್ ತುದಿಗಳು ಬೇರೆಯಾಗಿ ಸಿಗುತ್ತವೆ. ಬೆರಳಲ್ಲಿ ಹಿಸುಕಿ ಕಿವಿಗಿಟ್ಟರೆ ಒಳಗೆ ಹಿಗ್ಗಿ ಕೂರುತ್ತವೆ. ಗದ್ದಲ ಚೆನ್ನಾಗಿ ತಡೆಯುತ್ತವೆ. ಆದರೆ ಬೆವರು ಹೀರುತ್ತವೆ, ಸಿಲಿಕೋನಿನಂತೆ ತೊಳೆದು ವರ್ಷಗಟ್ಟಲೆ ಬಳಸಲಾಗದು. ಮಂಗಳೂರು, ಕಾರವಾರದ ಸೆಕೆಗೆ ನಾನಂತೂ ಸಿಲಿಕೋನನ್ನೇ ಹೇಳುತ್ತೇನೆ.

ಹಂತ 3: ಗೊತ್ತಿರುವ ದನಿಯನ್ನೇ ಕೇಳಿ

ಅಂಗಡಿಯವರು ಕೇಳಿಸುವ ಢಂ ಢಂ ಹಾಡಿನಲ್ಲಿ ಎಲ್ಲ ಇಯರ್‌ಫೋನೂ ಚೆನ್ನಾಗಿಯೇ ಕೇಳುತ್ತದೆ. ನಿಮಗೆ ಬಾಯಿಪಾಠವಾಗಿರುವ ನಾಲ್ಕೈದು ಹಾಡುಗಳನ್ನು ಒಳ್ಳೆಯ ಗುಣಮಟ್ಟದಲ್ಲಿ ಫೋನಿಗೆ ಇಳಿಸಿಕೊಂಡು ಹೋಗಿ. ಫೋನಿನ ಈಕ್ವಲೈಜರ್, ಡಾಲ್ಬಿ ಇತ್ಯಾದಿ ದನಿ ಬದಲಿಸುವ ಸೆಟ್ಟಿಂಗ್‌ಗಳನ್ನು ಆಫ್ ಮಾಡಿ.

ಹಿಂದೂಸ್ತಾನಿ ಗಾಯನ ಇದ್ದರೆ ಒಳ್ಳೆಯ ಪರೀಕ್ಷೆ. ತಬಲಾ ಜೋಡಿಯಲ್ಲಿ ಎಡಗೈಯ ಡಗ್ಗಾ ಮೇಲೆ ಅಂಗೈ ಒತ್ತಿ ಜಾರಿಸಿದಾಗ ದನಿ ಬಾಗುತ್ತದಲ್ಲ, ಅದು ಏರುವುದೂ ಇಳಿಯುವುದೂ ಬಿಡಿಯಾಗಿ ಕೇಳಬೇಕು. ಬರೀ ‘ಧುಂ’ ಅಂತ ಒಂದೇ ಉಂಡೆಯಾಗಿ ಕೇಳಿದರೆ ಬೇಸ್ ಜಾಸ್ತಿ ಇದೆ, ಆದರೆ ಚೆನ್ನಾಗಿಲ್ಲ. ಗಾಯಕರು ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ ಹಿಂದಿನ ತಂಬೂರಿಗೆ ಕಿವಿಕೊಡಿ. ಅದರ ಜೀಂಕಾರ ಸಾಗುತ್ತಲೇ ಇರಬೇಕು, ದನಿ ಬಂದ ಕೂಡಲೇ ಮುಳುಗಬಾರದು.

ಯಕ್ಷಗಾನದ ರೆಕಾರ್ಡಿಂಗ್ ಇನ್ನೂ ಕಠಿಣ ಪರೀಕ್ಷೆ. ಭಾಗವತರ ಏರು ದನಿ, ಮದ್ದಳೆ, ತಾಳ, ಅದರ ಮೇಲೆ ಚಂಡೆ. ಚಂಡೆ ಬಿದ್ದ ಕೂಡಲೇ ಭಾಗವತರ ಪದ ಕಲಸಿಹೋದರೆ ಆ ಇಯರ್‌ಫೋನ್ ಬೇಡ. ಚಂಡೆಯ ಪೆಟ್ಟು ಚುರುಕಾಗಿರಬೇಕು, ಆದರೆ ಕಿವಿಗೆ ಚುಚ್ಚಬಾರದು. ಹತ್ತು ನಿಮಿಷ ಕೇಳಿ ತೆಗೆದಿಡೋಣ ಅನ್ನಿಸಿದರೆ ಚುರುಕು ದನಿಯನ್ನು ಬೇಕೆಂದೇ ಏರಿಸಿದ್ದಾರೆ ಅಂತ ತಿಳಿಯಿರಿ. ಭಾವಗೀತೆಯಲ್ಲಿ ‘ಸ’, ‘ಶ’ ಅಕ್ಷರಗಳು ಬಂದಾಗ ಉಸ್ ಉಸ್ ಅಂತ ಉಗುಳಿದಂತೆ ಕೇಳುವುದೂ ಅದೇ ದೋಷ.

ಆಮೇಲೆ ವಾರ್ತೆ ಅಥವಾ ಯಾವುದಾದರೂ ಮಾತು ಹಾಕಿ. ಮಾತು ತಲೆಯ ನಡುಮಧ್ಯದಿಂದ ಬರುತ್ತಿರಬೇಕು. ಒಂದು ಪಕ್ಕಕ್ಕೆ ವಾಲಿದರೆ ಮೊದಲು ಇನ್ನೊಂದು ಕಡೆಯ ರಬ್ಬರ್ ನೋಡಿ, ಆಮೇಲೆ ಇಯರ್‌ಫೋನನ್ನು ಬೈಯಿರಿ.

ಎರಡು ಮಾದರಿಗಳನ್ನು ಹೋಲಿಸುವಾಗ ಒಂದು ಎಚ್ಚರ. ಸ್ವಲ್ಪವೇ ಜೋರಾಗಿ ಕೇಳುವುದು ನಮ್ಮ ಕಿವಿಗೆ ‘ಚೆನ್ನಾಗಿದೆ’ ಅನ್ನಿಸುತ್ತದೆ. ವಾಲ್ಯೂಮ್ ಗುಂಡಿ ಒಂದೇ ಜಾಗದಲ್ಲಿದ್ದರೂ ಎಲ್ಲ ಇಯರ್‌ಫೋನೂ ಒಂದೇ ಜೋರಾಗಿ ಕೇಳುವುದಿಲ್ಲ. ಕಿವಿಗೆ ಎರಡೂ ಸಮವಾಗುವಂತೆ ವಾಲ್ಯೂಮ್ ಹೊಂದಿಸಿಕೊಂಡೇ ಹೋಲಿಸಿ.

ಹಂತ 4: ಡಬ್ಬಿಯ ಮೇಲಿನ ಅಂಕಿ

ಡ್ರೈವರ್ 10 ಮಿ.ಮೀ. ಇದ್ದದ್ದು 6 ಮಿ.ಮೀ.ದಕ್ಕಿಂತ ಚೆನ್ನಾಗಿರುತ್ತದೆ ಅಂತೇನಿಲ್ಲ. ಹೇಗೆ ಕಟ್ಟಿದ್ದಾರೆ, ಹೇಗೆ ಟ್ಯೂನ್ ಮಾಡಿದ್ದಾರೆ ಎನ್ನುವುದೇ ಮುಖ್ಯ. ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಅನ್ನುವುದು ಮನುಷ್ಯನ ಕಿವಿಗೆ ಕೇಳುವ ವ್ಯಾಪ್ತಿ. ಬಹುತೇಕ ಎಲ್ಲ ಡಬ್ಬಿಯ ಮೇಲೂ ಅದೇ ಇರುತ್ತದೆ, ಅದರಿಂದ ಏನೂ ತಿಳಿಯದು. ವೈರಿನ ಇಯರ್‌ಫೋನ್ ಆದರೆ 16 ಅಥವಾ 32 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಇದ್ದರೆ ಫೋನಿಗೆ ಸಲೀಸು.

ಎಎನ್‌ಸಿ ಮತ್ತು ಇಎನ್‌ಸಿ ಬೇರೆ ಬೇರೆ. ಜಾಹೀರಾತಿನಲ್ಲಿ ಇವೆರಡನ್ನೂ ಒಂದೇ ಅನ್ನಿಸುವ ಹಾಗೆ ಬರೆದಿರುತ್ತಾರೆ. ಎಎನ್‌ಸಿ ನಿಮ್ಮ ಕಿವಿಗೆ ಬರುವ ಗದ್ದಲವನ್ನು ಕಡಿಮೆ ಮಾಡುತ್ತದೆ. ಅದೂ ಬಸ್ಸಿನ ಎಂಜಿನ್, ವಿಮಾನ, ಫ್ಯಾನ್‌ನಂಥ ಒಂದೇ ಸಮನೆ ಬರುವ ತಗ್ಗು ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಹಾರ್ನ್, ಪಕ್ಕದವರ ಮಾತನ್ನು ಅಷ್ಟು ತಡೆಯುವುದಿಲ್ಲ. ಇಎನ್‌ಸಿ ಇರುವುದು ಮೈಕಿಗೆ. ನೀವು ಫೋನಿನಲ್ಲಿ ಮಾತಾಡುವಾಗ ನಿಮ್ಮ ಸುತ್ತಲಿನ ಗದ್ದಲ ಆ ಕಡೆಯವರಿಗೆ ಕೇಳದಂತೆ ಮಾಡುವುದು ಅದರ ಕೆಲಸ. ನಿಮ್ಮ ಕಿವಿಗೆ ಅದರಿಂದ ಮೌನವೇನೂ ಸಿಗದು. ಮೈಕ್ ಪರೀಕ್ಷಿಸಲು ಅಂಗಡಿಯಿಂದ ರಸ್ತೆಗೆ ಬಂದು ಮನೆಗೊಂದು ಫೋನ್ ಹಚ್ಚಿ. ‘ಏನು, ಕೇಳ್ತಾ ಇಲ್ಲ’ ಅಂತ ಮೂರು ಸಲ ಬಂದರೆ ಉತ್ತರ ಸಿಕ್ಕಿತು.

ಎಲ್‌ಡಿಎಸಿ, ಎಪಿಟಿಎಕ್ಸ್‌ನಂಥ ಕೋಡೆಕ್‌ಗಳಿಗೆ (ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನಗಳಿಗೆ) ಹೆಚ್ಚು ದುಡ್ಡು ಕೊಡುವ ಮೊದಲು ನಿಮ್ಮ ಫೋನಿನಲ್ಲಿ ಅವು ಇವೆಯಾ ನೋಡಿ. ಐಫೋನಿನಲ್ಲಿ ಎರಡೂ ಇಲ್ಲ, ಅದು ಬಳಸುವುದು ಎಎಸಿ.

ಹಂತ 5: ಬಾಳಿಕೆ

ವೈರಿನ ಇಯರ್‌ಫೋನ್ ಸಾಯುವುದು ಹೆಚ್ಚಾಗಿ ಎರಡು ಜಾಗದಲ್ಲಿ: ಪಿನ್ನಿನ ಬುಡದಲ್ಲಿ, ಇಲ್ಲವೇ ವೈರು ಇಯರ್‌ಫೋನಿನೊಳಗೆ ಹೋಗುವ ಕಡೆ. ಕೊಳ್ಳುವಾಗ ಪಿನ್ನಿನ ಬುಡವನ್ನು ಹಿಡಿದು ನೋಡಿ. ಅಲ್ಲಿ ಬಾಗುವಂಥ, ಸ್ವಲ್ಪ ಉದ್ದನೆಯ ರಬ್ಬರ್ ಕವಚ ಇರಬೇಕು. ಗಟ್ಟಿ ಪ್ಲಾಸ್ಟಿಕ್‌ನಿಂದ ವೈರು ಸೀದಾ ಹೊರಬಂದಿದ್ದರೆ ಬಗ್ಗಿದ ಜಾಗದಲ್ಲೇ ತುಂಡಾಗುತ್ತದೆ. ಫೋನನ್ನು ಜೇಬಿನಲ್ಲಿಟ್ಟುಕೊಳ್ಳುವವರಿಗೆ ‘ಎಲ್’ ಆಕಾರದ ಪಿನ್ ಒಳ್ಳೆಯದು. ವೈರನ್ನು ಬಿಚ್ಚಿ ಬದಲಿಸಬಹುದಾದ ಮಾದರಿಗಳು ಈಗ 2,000 ರೂಪಾಯಿಯೊಳಗೂ ಸಿಗುತ್ತವೆ. ವೈರು ಹೋದರೆ ವೈರನ್ನಷ್ಟೇ ಕೊಂಡರಾಯಿತು. ಅದೇ ಬೆಲೆಯ ವೈರ್‌ಲೆಸ್‌ಗಿಂತ ಇವುಗಳ ದನಿಯೂ ಸಾಮಾನ್ಯವಾಗಿ ಒಂದು ಕೈ ಮೇಲು. ಫೋನಿನಲ್ಲಿ 3.5 ಮಿ.ಮೀ. ತೂತು ಇಲ್ಲದಿದ್ದರೆ ಟೈಪ್-ಸಿ ಪಿನ್ನಿನದ್ದು ಕೊಳ್ಳಬಹುದು, ಆದರೆ ನಿಮ್ಮ ಫೋನಿಗೇ ಚುಚ್ಚಿ ನೋಡಿ. ಎಲ್ಲ ಟೈಪ್-ಸಿ ಎಲ್ಲ ಫೋನಿಗೂ ಹೊಂದುವುದಿಲ್ಲ.

ವೈರ್‌ಲೆಸ್ ಬಡ್ಸ್‌ನಲ್ಲಿ ಮೊದಲು ಸೋಲುವುದು ಬ್ಯಾಟರಿ. ಪುಟಾಣಿ ಲಿಥಿಯಂ ಬ್ಯಾಟರಿ, ದಿನಾ ಚಾರ್ಜ್. ಎರಡು ಮೂರು ವರ್ಷಕ್ಕೆ ಸುಸ್ತಾಗುತ್ತದೆ, ಬದಲಿಸುವಂತೆ ಮಾಡಿರುವುದಿಲ್ಲ. ‘40 ಗಂಟೆ’ ಅಂತ ದೊಡ್ಡದಾಗಿ ಬರೆದಿದ್ದರೆ ಅದು ಕೇಸಿನ ಚಾರ್ಜನ್ನೂ ಸೇರಿಸಿದ ಲೆಕ್ಕ. ಒಂದು ಸಲ ಕಿವಿಗೆ ಹಾಕಿದರೆ ಎಷ್ಟು ಗಂಟೆ, ಎಎನ್‌ಸಿ ಹಾಕಿದರೆ ಎಷ್ಟು, ಅದನ್ನು ಸಣ್ಣಕ್ಷರದಲ್ಲಿ ಹುಡುಕಿ. ಒಂದು ಬಡ್ ಕಳೆದುಹೋದರೆ ಬಿಡಿಯಾಗಿ ಸಿಗುತ್ತದಾ ಅಂತಲೂ ಕೇಳಿಟ್ಟುಕೊಳ್ಳಿ. ಬೀಳಿಸುವ ಅಭ್ಯಾಸ ಇದ್ದವರಿಗೆ ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡೇ ಸರಿ, ಅದರಲ್ಲಿ ಬ್ಯಾಟರಿಗೂ ಜಾಗ ಜಾಸ್ತಿ.

ಐಪಿಎಕ್ಸ್4 ಅಂದರೆ ಎಲ್ಲ ಕಡೆಯಿಂದ ಎರಚಿದ ನೀರು ತಡೆಯುತ್ತದೆ. ಐಪಿಎಕ್ಸ್7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. ನಡುವಿನ ‘ಎಕ್ಸ್’ ಅಂದರೆ ಧೂಳಿನ ಪರೀಕ್ಷೆಯ ಅಂಕಿ ಕೊಟ್ಟಿಲ್ಲ ಅಂತ. ಈ ಪರೀಕ್ಷೆಗಳು ನಡೆಯುವುದು ಸಿಹಿನೀರಿನಲ್ಲಿ, ಬೆವರಿನಲ್ಲಿ ಉಪ್ಪಿದೆ. ಜಿಮ್ಮಿನಿಂದ ಬಂದ ಮೇಲೆ ಬಡ್ಸ್ ಒರೆಸದೆ ಕೇಸಿಗೆ ಹಾಕಿದರೆ ಚಾರ್ಜ್ ಆಗುವ ಪುಟ್ಟ ಲೋಹದ ಚುಕ್ಕಿಗಳಿಗೆ ಕಿಲುಬು ಹಿಡಿಯುತ್ತದೆ.

ಹಂತ 6: ದುಡ್ಡು ಕೊಡುವ ಮುಂಚೆ

ಆನ್‌ಲೈನ್ ಆದರೆ ‘ರಿಟರ್ನ್’ ಇದೆಯೋ, ಬರೀ ‘ರಿಪ್ಲೇಸ್‌ಮೆಂಟ್’ ಇದೆಯೋ ಓದಿ. ಕಿವಿಗೆ ಹಾಕುವ ವಸ್ತು ಅಂತ ಎಷ್ಟೋ ಕಡೆ ದುಡ್ಡು ವಾಪಸ್ ಕೊಡುವುದಿಲ್ಲ. ಕೆಟ್ಟಿದ್ದರೆ ಬದಲಿ ಕೊಡುತ್ತಾರೆ, ಕಿವಿಗೆ ಹೊಂದದಿದ್ದರೆ ಏನೂ ಇಲ್ಲ. ವೈರ್‌ಲೆಸ್ ಆದರೆ ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಬಹುದು. ಫುಟ್‌ಪಾತಿನಲ್ಲಿ ಹೆಸರಾಂತ ಕಂಪನಿಯ ಬಡ್ಸ್ 300 ರೂಪಾಯಿಗೆ ಸಿಕ್ಕರೆ ಅದು ಏನೆಂದು ನಿಮಗೇ ಗೊತ್ತು. ಬಿಲ್ ತೆಗೆದುಕೊಳ್ಳಿ. ವೈರು ತುಂಡಾದರೆ ವಾರಂಟಿ ಇದೆಯಾ ಅಂತ ಬಾಯಿಬಿಟ್ಟು ಕೇಳಿ, ಬಹಳ ಕಡೆ ಅದನ್ನು ‘ಫಿಸಿಕಲ್ ಡ್ಯಾಮೇಜ್’ ಅಂತ ತಳ್ಳಿಹಾಕುತ್ತಾರೆ.

ಹಂತ 7: ತಂದ ಮೇಲೆ

ವಾಲ್ಯೂಮ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್‌ಗೆ ಏರಿಸಿದರೆ ವಾರಕ್ಕೆ 4 ಗಂಟೆ ಮಾತ್ರ. ಬಸ್ಸಿನಲ್ಲಿ ನಾವು ವಾಲ್ಯೂಮ್ ಏರಿಸುವುದು ಹಾಡಿನ ಆಸೆಗಲ್ಲ, ಎಂಜಿನ್ ಸದ್ದನ್ನು ಮೀರಿಸುವುದಕ್ಕೆ. ರಬ್ಬರ್ ಸರಿಯಾಗಿ ಕೂತರೆ ಅಷ್ಟು ಏರಿಸಬೇಕಾಗುವುದಿಲ್ಲ.

ಕೆಲವು ತಿಂಗಳ ನಂತರ ಒಂದು ಕಡೆ ದನಿ ಸಣ್ಣಗಾದರೆ ಗಾಬರಿಯಾಗಬೇಡಿ. ರಬ್ಬರ್ ತೆಗೆದು ತುದಿಯ ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಗುಗ್ಗೆ ಕಟ್ಟಿಕೊಂಡಿರುತ್ತದೆ. ಜಾಲರಿ ಕೆಳಮುಖವಾಗಿರುವಂತೆ ಹಿಡಿದು, ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಪಿನ್ನು, ಸೂಜಿಯಿಂದ ಚುಚ್ಚಬೇಡಿ. ರಬ್ಬರನ್ನು ಮಾತ್ರ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ.

ಅಷ್ಟಾದರೂ ಸರಿಹೋಗದಿದ್ದರೆ ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹೇಗೋ ಹಿಡಿದು ಕೇಳಿ. ಸಣ್ಣ ದನಿ ಇಯರ್‌ಫೋನಿನ ಜೊತೆ ಇನ್ನೊಂದು ಕಿವಿಗೆ ಬಂದರೆ ಕೆಟ್ಟಿರುವುದು ಇಯರ್‌ಫೋನ್, ವಾರಂಟಿ ಕಾಗದ ಹುಡುಕಿ. ಸಣ್ಣ ದನಿ ಅದೇ ಕಿವಿಯಲ್ಲಿ ಉಳಿದರೆ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ.